ಮೂವತ್ತರ ಹಬ್ಬಕ್ಕೆ ಹದಿಮೂರು ನಿಮಿಷ



ವ್ಯಕ್ತಿಗೆ ಅರವತ್ತು ತುಂಬಿದರೆ ಷಷ್ಟ್ಯಬ್ದಿ, ಸಂಸ್ಥೆಗೆ ಇಪ್ಪತ್ತೈದು ತುಂಬಿದರೆ ಬೆಳ್ಳಿಹಬ್ಬ, ಐವತ್ತಕ್ಕೆ ಸುವರ್ಣ ಮಹೋತ್ಸವ. ಇವೆಲ್ಲ ನಮಗೆ ಪರಿಚಿತವಾದ ಆಚರಣೆಗಳು. ಹಬ್ಬ ನಡೆಯದೇ ಹೋದರೆ ಜನ ಸ್ವಲ್ಪ ಬೇಸರಪಟ್ಟು ಸುಮ್ಮನಾಗುತ್ತಾರೆ. ಹಬ್ಬದ ಹೆಸರಿನಲ್ಲಿ ಕಾಟಾಚಾರಕ್ಕೆ ಏನನ್ನೋ ಮಾಡಿ ಕೈತೊಳೆದುಕೊಂಡರೆ ಮಾತ್ರ ಆ ನೋವು ಬಹುಕಾಲ ಮಾಸುವುದಿಲ್ಲ. ಅಂತಹ ಒಂದು ನೋವಿನ ಚರಿತ್ರೆಯನ್ನು ಈ ಸಲ ಬರೆಯಬೇಕೆನಿಸಿದೆ. ಇದು ಇಂಗ್ಲೆಂಡಿನ 'ಡಾಕ್ಟರ್ ಹೂ' ಎಂಬ ದೂರದರ್ಶನ ಧಾರಾವಾಹಿಯ ಕಥೆ. ಮೇಷ್ಟ್ರು ರಾಜ ಮಹಾರಾಜರನ್ನು ಬಿಟ್ಟು ಧಾರಾವಾಹಿಗೆ ಇಳಿದರೇ ಎಂದು ನನ್ನ ಹಳೆಯ ವಿದ್ಯಾರ್ಥಿಗಳು ನಗಬಹುದು. ಒಂದು ಸಮಾಜ ಯಾವುದನ್ನು ಜೋಪಾನ ಮಾಡುತ್ತದೆ, ಯಾವುದನ್ನು ಅಳಿಸಿಹಾಕುತ್ತದೆ ಎಂಬುದೂ ಚರಿತ್ರೆಯ ಪ್ರಶ್ನೆಯೇ ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

1963ರ ನವೆಂಬರ್ 23, ಶನಿವಾರ ಸಂಜೆ ಐದೂಕಾಲರ ಸುಮಾರಿಗೆ ಬಿ.ಬಿ.ಸಿ.ಯಲ್ಲಿ ಇದರ ಮೊದಲ ಕಂತು ಪ್ರಸಾರವಾಯಿತು. ಹಿಂದಿನ ದಿನವಷ್ಟೇ ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿತ್ತು. ಜಗತ್ತಿನ ಗಮನವೆಲ್ಲ ಅತ್ತ ಇದ್ದುದರಿಂದ ಬಿ.ಬಿ.ಸಿ. ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಅದೇ ಕಂತನ್ನು ಮತ್ತೊಮ್ಮೆ ಪ್ರಸಾರ ಮಾಡಿತು. ಡಾಕ್ಟರ್ ಎಂದಷ್ಟೇ ಕರೆಸಿಕೊಳ್ಳುವ ಒಬ್ಬ ನಿಗೂಢ ವೃದ್ಧ, ಆತನ ಬಳಿ ಹೊರಗಿನಿಂದ ಪೊಲೀಸರ ದೂರವಾಣಿ ಪೆಟ್ಟಿಗೆಯಂತೆ ಕಾಣುವ, ಒಳಗೆ ಹೊಕ್ಕರೆ ಅರಮನೆಯಷ್ಟು ವಿಶಾಲವಾದ 'ಟಾರ್ಡಿಸ್' ಎಂಬ ಯಂತ್ರ. ಅದರಲ್ಲಿ ಕುಳಿತು ಯಾವ ಕಾಲಕ್ಕೆ ಬೇಕಾದರೂ, ಯಾವ ಲೋಕಕ್ಕೆ ಬೇಕಾದರೂ ಹೋಗಬಹುದು. ಆತನೊಡನೆ ಮೊದಲು ಪಯಣಿಸಿದವರಲ್ಲಿ ಇಬ್ಬರು ಶಾಲಾ ಶಿಕ್ಷಕರು. ಒಬ್ಬರು ಚರಿತ್ರೆಯ ಅಧ್ಯಾಪಕಿ, ಇನ್ನೊಬ್ಬರು ವಿಜ್ಞಾನದ ಅಧ್ಯಾಪಕರು. ಮಕ್ಕಳಿಗೆ ಮನರಂಜನೆಯ ಜೊತೆಗೆ ಈ ಎರಡು ವಿಷಯಗಳನ್ನೂ ಕಲಿಸಬೇಕೆಂಬುದು ಆರಂಭದ ಉದ್ದೇಶವಾಗಿತ್ತು.

ಈ ಕಾರ್ಯಕ್ರಮವನ್ನು ಕಟ್ಟಿದವರ ಹೆಸರುಗಳು ಗಮನಾರ್ಹ. ಯೋಜನೆಯ ಹಿಂದಿದ್ದವರು ಬಿ.ಬಿ.ಸಿ.ಯ ನಾಟಕ ವಿಭಾಗದ ಮುಖ್ಯಸ್ಥ, ಕೆನಡಾ ಮೂಲದ ಸಿಡ್ನಿ ನ್ಯೂಮನ್. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಆಗಿನ್ನೂ 27 ವರ್ಷದವರು. ಅಲ್ಲಿನ ನಾಟಕ ವಿಭಾಗದಲ್ಲಿ ಆಗ ಇದ್ದ ಏಕೈಕ ಮಹಿಳಾ ನಿರ್ಮಾಪಕರು. ಮೊದಲ ಕಥೆಯನ್ನು ನಿರ್ದೇಶಿಸಿದವರು ನಮ್ಮ ಲಖನೌದಲ್ಲಿ 1938ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಕುಟುಂಬದೊಡನೆ ಬ್ರಿಟನ್ನಿಗೆ ಹೋದ ವಾರಿಸ್ ಹುಸೇನ್. 1961ರಲ್ಲಿ ಪ್ರಕಟವಾದ 'ಸನ್‌ಲೈಟ್ ಆನ್ ಎ ಬ್ರೋಕನ್ ಕಾಲಮ್' ಕಾದಂಬರಿಯ ಲೇಖಕಿ ಅತಿಯಾ ಹುಸೇನ್ ಇವರ ತಾಯಿ. ಒಬ್ಬ ವಲಸಿಗ, ಒಬ್ಬ ತರುಣಿ, ಇಪ್ಪತ್ತನಾಲ್ಕರ ಒಬ್ಬ ಭಾರತೀಯ ಸಂಜಾತ ಯುವಕ. ಹಿರಿಯ ಅಧಿಕಾರಿಗಳು ಅಷ್ಟೇನೂ ನಂಬಿಕೆಯಿಲ್ಲದೆ ನೋಡುತ್ತಿದ್ದ ಈ ತಂಡದ ಕೂಸು ಬ್ರಿಟನ್ನಿನ ಮನೆಮಾತಾಯಿತು.

1966ರಲ್ಲಿ ಮೊದಲ ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಅನಾರೋಗ್ಯದಿಂದ ಬಳಲುತ್ತಿದ್ದಾಗ ಬರಹಗಾರರು ಒಂದು ಉಪಾಯ ಕಂಡುಕೊಂಡರು. ಡಾಕ್ಟರನು ಮಾನವನಲ್ಲ, ಒಂದು ದೇಹ ಜೀರ್ಣವಾದಾಗ ಇನ್ನೊಂದನ್ನು ಧರಿಸಬಲ್ಲ ಎಂದು ಕಥೆಯಲ್ಲಿಯೇ ಸೇರಿಸಿ, ಪ್ಯಾಟ್ರಿಕ್ ಟ್ರೌಟನ್ ಎಂಬ ಹೊಸ ನಟನನ್ನು ತಂದರು. ಹಳೆಯ ಬಟ್ಟೆ ಬಿಟ್ಟು ಹೊಸ ಬಟ್ಟೆ ಉಟ್ಟಂತೆ ದೇಹ ಬದಲಿಸುವ ಈ ಕಲ್ಪನೆ ನಮಗೆ ಹೊಸದಲ್ಲ. ಅಲ್ಲಿ ಮಾತ್ರ ಇದರಿಂದ ಧಾರಾವಾಹಿಗೆ ಸಾವೇ ಇಲ್ಲದಂತಾಯಿತು. ವಾರ್ಷಿಕೋತ್ಸವಗಳಿಗೂ ಒಂದು ಸೊಗಸಾದ ಸಂಪ್ರದಾಯ ಸಿದ್ಧವಾಯಿತು: ಹಳಬರು ಹೊಸಬರು ಒಟ್ಟಿಗೆ ಸೇರುವುದು. ಹತ್ತನೆಯ ವರ್ಷದ ನಿಮಿತ್ತ 'ದ ತ್ರೀ ಡಾಕ್ಟರ್ಸ್' ಬಂತು. ಇಪ್ಪತ್ತನೆಯ ವರ್ಷಕ್ಕೆ, 1983ರ ನವೆಂಬರಿನಲ್ಲಿ, 'ದ ಫೈವ್ ಡಾಕ್ಟರ್ಸ್' ಎಂಬ ತೊಂಬತ್ತು ನಿಮಿಷಗಳ ವಿಶೇಷ ಕಥೆ ಬಂತು. ಹಾರ್ಟ್‌ನೆಲ್ 1975ರಲ್ಲಿಯೇ ತೀರಿಕೊಂಡಿದ್ದರಿಂದ ಅವರ ಪಾತ್ರವನ್ನು ರಿಚರ್ಡ್ ಹರ್ಂಡಲ್ ವಹಿಸಿದರು. ಟಾಮ್ ಬೇಕರ್ ಬರಲೊಪ್ಪದಿದ್ದಾಗ, ಅವರು ಹಿಂದೆ ನಟಿಸಿ ಅರ್ಧಕ್ಕೇ ನಿಂತಿದ್ದ ಕಥೆಯೊಂದರ ತುಣುಕುಗಳನ್ನು ಬಳಸಿ ಅವರ ಸ್ಥಾನವನ್ನೂ ತುಂಬಿದರು. ಅದೇ ವರ್ಷ ಈಸ್ಟರ್ ರಜೆಯಲ್ಲಿ ಲಾಂಗ್‌ಲೀಟ್ ಎಂಬಲ್ಲಿ ನಡೆದ ಉತ್ಸವಕ್ಕೆ ನಿರೀಕ್ಷೆಯನ್ನು ಮೀರಿ ಸಾವಿರ ಸಾವಿರ ಜನ ಕುಟುಂಬ ಸಮೇತ ಬಂದು, ವ್ಯವಸ್ಥಾಪಕರು ಕಂಗಾಲಾದರು. ಮನೆಯ ಹಿರಿಯರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ ಮಾಡಿದ ಹಬ್ಬವದು.

ಅಲ್ಲಿಂದ ಮುಂದೆ ಇಳಿಗಾಲ. 1985ರಲ್ಲಿ ಬಿ.ಬಿ.ಸಿ. ಹದಿನೆಂಟು ತಿಂಗಳ ಕಾಲ ಪ್ರಸಾರ ನಿಲ್ಲಿಸಿತು. ಮತ್ತೆ ಆರಂಭವಾದಾಗ ಕಂತುಗಳ ಸಂಖ್ಯೆ ಕಡಿಮೆಯಾಗಿತ್ತು. ಜನಪ್ರಿಯ ಧಾರಾವಾಹಿಯೊಂದಕ್ಕೆ ಎದುರಾಗಿ, ಅದೇ ಹೊತ್ತಿಗೆ ಇದರ ಪ್ರಸಾರವನ್ನು ನಿಗದಿಪಡಿಸಿದ್ದರಿಂದ ನೋಡುಗರು ಇನ್ನೂ ಕಡಿಮೆಯಾದರು. ನೋಡುಗರು ಕಡಿಮೆಯಾದರೆಂಬುದೇ ಮುಂದೆ ನಿಲ್ಲಿಸಲು ಕಾರಣವಾಯಿತು. 1989ರ ಡಿಸೆಂಬರ್ 6ರಂದು 26ನೆಯ ಸರಣಿಯ ಕೊನೆಯ ಕಂತು ಪ್ರಸಾರವಾಯಿತು. ಮುಗಿಯಿತೆಂದು ಯಾರೂ ಸ್ಪಷ್ಟವಾಗಿ ಹೇಳಲಿಲ್ಲ. ಮುಂದೆ ಬರುತ್ತದೆ, ಬರುತ್ತದೆ ಎಂಬ ಮಾತಿನಲ್ಲಿಯೇ ವರ್ಷಗಳು ಉರುಳಿದವು.

ಈ ಸ್ಥಿತಿಯಲ್ಲಿ 1993 ಬಂತು, ಮೂವತ್ತನೆಯ ವರ್ಷ. ಬಿ.ಬಿ.ಸಿ.ಯ ವಾಣಿಜ್ಯ ವಿಭಾಗವು 'ದ ಡಾರ್ಕ್ ಡೈಮೆನ್ಷನ್' ಎಂಬ ಪೂರ್ಣ ಪ್ರಮಾಣದ ಕಥೆಯೊಂದನ್ನು ಯೋಜಿಸಿತು. ಬದುಕಿದ್ದ ಐವರು ಡಾಕ್ಟರುಗಳೂ ಅದರಲ್ಲಿ ಇರುವವರಿದ್ದರು. ಟಾಮ್ ಬೇಕರ್ ಹನ್ನೆರಡು ವರ್ಷಗಳ ನಂತರ ಆ ಪಾತ್ರಕ್ಕೆ ಮರಳುವರೆಂಬ ಸುದ್ದಿ ಅಭಿಮಾನಿಗಳಿಗೆ ಹಬ್ಬದ ಊಟದಂತಿತ್ತು. ಆದರೆ ಕಥೆಯ ಬಹುಭಾಗ ಅವರೊಬ್ಬರ ಸುತ್ತಲೇ ಹೆಣೆದಿದ್ದು, ಉಳಿದವರ ಪಾತ್ರಗಳು ತೀರ ಚಿಕ್ಕವಾಗಿದ್ದವು. ಆ ನಟರಿಗೆ ಇದು ಹಿಡಿಸಲಿಲ್ಲ. ಹಣದ ತೊಡಕೂ ಸೇರಿಕೊಂಡಿತು. ಜುಲೈ ತಿಂಗಳಿನಲ್ಲಿ ಯೋಜನೆಯನ್ನೇ ಕೈಬಿಟ್ಟರು.

ಅದರ ಬದಲಿಗೆ ದೊರೆತದ್ದು 'ಡೈಮೆನ್ಷನ್ಸ್ ಇನ್ ಟೈಮ್'. ಮಕ್ಕಳ ಸಹಾಯಾರ್ಥವಾಗಿ ಪ್ರತಿವರ್ಷ ನಿಧಿ ಸಂಗ್ರಹಿಸುವ 'ಚಿಲ್ಡ್ರನ್ ಇನ್ ನೀಡ್' ಕಾರ್ಯಕ್ರಮದ ನಿಮಿತ್ತ ಸಿದ್ಧಪಡಿಸಿದ ಕಿರುಪ್ರಹಸನವಿದು. ನವೆಂಬರ್ 26 ಮತ್ತು 27ರಂದು ಎರಡು ಭಾಗಗಳಾಗಿ ಪ್ರಸಾರವಾಯಿತು. ಎರಡೂ ಸೇರಿ ಸುಮಾರು ಹದಿಮೂರು ನಿಮಿಷ. ಅದರಲ್ಲಿ ಡಾಕ್ಟರನ ಲೋಕವನ್ನು 'ಈಸ್ಟ್‌ಎಂಡರ್ಸ್' ಎಂಬ ಲಂಡನ್ ಸಂಸಾರದ ಧಾರಾವಾಹಿಯೊಡನೆ ಬೆರೆಸಿದ್ದರು. ಮೊದಲ ಭಾಗದ ಕೊನೆಗೆ, ಈಸ್ಟ್‌ಎಂಡರ್ಸಿನ ಯಾವ ಪಾತ್ರ ನೆರವಿಗೆ ಬರಬೇಕೆಂದು ವೀಕ್ಷಕರು ದೂರವಾಣಿಯ ಮೂಲಕ ಮತ ಹಾಕಬೇಕಿತ್ತು. ಐವರು ಡಾಕ್ಟರುಗಳು, ಅವರ ಹಳೆಯ ಸಂಗಾತಿಗಳು, ಎಲ್ಲರೂ ಒಬ್ಬರ ಹಿಂದೊಬ್ಬರು ಕ್ಷಣಕಾಲ ಕಾಣಿಸಿಕೊಂಡು ಮರೆಯಾಗುತ್ತಿದ್ದರು.

ಸಾಲದೆಂಬಂತೆ ಅದನ್ನು ಮೂರು ಆಯಾಮದ ಚಿತ್ರವಾಗಿ ತೋರಿಸುವ ಪ್ರಯೋಗವನ್ನೂ ಮಾಡಿದ್ದರು. ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಇದನ್ನು ಸ್ವಲ್ಪ ವಿವರಿಸುತ್ತೇನೆ. ಇದಕ್ಕಾಗಿ ಮಾರಿದ ಕನ್ನಡಕದಲ್ಲಿ ಒಂದು ಗಾಜು ಕಪ್ಪು, ಇನ್ನೊಂದು ತಿಳಿ. ಮಬ್ಬು ಬೆಳಕನ್ನು ಕಣ್ಣು ಕೂದಲೆಳೆಯಷ್ಟು ತಡವಾಗಿ ಗ್ರಹಿಸುತ್ತದೆ. ಆದ್ದರಿಂದ ತೆರೆಯ ಮೇಲೆ ಅಡ್ಡಡ್ಡವಾಗಿ ಚಲಿಸುವ ವಸ್ತು ಎರಡು ಕಣ್ಣುಗಳಿಗೆ ಎರಡು ಸ್ಥಾನಗಳಲ್ಲಿ ಕಂಡು, ಆಳದ ಭ್ರಮೆ ಹುಟ್ಟುತ್ತದೆ. ಇದಕ್ಕೆ ಪುಲ್‌ಫ್ರಿಕ್ ಪರಿಣಾಮವೆಂದು ಹೆಸರು. ಚಲನೆ ನಿಂತರೆ ಭ್ರಮೆಯೂ ನಿಲ್ಲುತ್ತದೆ. ಹೀಗಾಗಿ ಕ್ಯಾಮರಾ ಸದಾ ಸುತ್ತುತ್ತಲೇ ಇರಬೇಕಾಯಿತು. ನೋಡುಗರಿಗೆ ತಲೆ ಸುತ್ತಿತೇ ವಿನಾ ಕಥೆ ತಲೆಗೆ ಹತ್ತಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ನಟರು ಸಂಭಾವನೆ ಪಡೆಯದೆ ಮಾಡಿದ ಸತ್ಕಾರ್ಯವದು. ಒಂದು ಕೋಟಿಗೂ ಮೀರಿದ ಜನ ಅದನ್ನು ನೋಡಿದರು. ಅದೇ ವಾರ 'ಥರ್ಟಿ ಇಯರ್ಸ್ ಇನ್ ದ ಟಾರ್ಡಿಸ್' ಎಂಬ ಉತ್ತಮ ಸಾಕ್ಷ್ಯಚಿತ್ರವೂ ಪ್ರಸಾರವಾಯಿತು. ರೇಡಿಯೋದಲ್ಲಿ ಜಾನ್ ಪರ್ಟ್ವೀ ಅಭಿನಯದ ಹೊಸ ಕಥೆಯೊಂದು ಬಂದಿತ್ತು. ಏನೂ ಆಗಲಿಲ್ಲವೆನ್ನಲಾಗದು. ಹಾಗಿದ್ದೂ ಅಭಿಮಾನಿಗಳು ಇಂದಿಗೂ ಆ ಹದಿಮೂರು ನಿಮಿಷಗಳನ್ನು ನೆನೆದು ನಿಟ್ಟುಸಿರು ಬಿಡುತ್ತಾರೆ. ಕಾರಣ ಸರಳವಾಗಿದೆ. ಐವರೂ ಬದುಕಿದ್ದರು, ಐವರೂ ಬರಲು ಸಿದ್ಧರಿದ್ದರು, ಆ ಸಂದರ್ಭ ಮತ್ತೆ ಬರುವಂತಿರಲಿಲ್ಲ. ಪರ್ಟ್ವೀ 1996ರಲ್ಲಿ ತೀರಿಕೊಂಡರು. ದೂರದರ್ಶನದಲ್ಲಿ ಡಾಕ್ಟರನಾಗಿ ಅವರು ಕೊನೆಯ ಬಾರಿ ಕಾಣಿಸಿಕೊಂಡದ್ದು ಆ ಪ್ರಹಸನದಲ್ಲಿಯೇ.

ಇನ್ನೊಂದು ಮಾತೂ ಇದೆ. ಬಿ.ಬಿ.ಸಿ. ನಡೆಯುವುದು ಬಹುಮಟ್ಟಿಗೆ ಮನೆ ಮನೆಯಿಂದ ವಸೂಲಾಗುವ ಲೈಸೆನ್ಸ್ ಶುಲ್ಕದಿಂದ. ಆದ್ದರಿಂದ ಅಲ್ಲಿನ ನೋಡುಗನಿಗೆ ತಾನು ಗಿರಾಕಿಯೆಂಬುದಕ್ಕಿಂತ ಪಾಲುದಾರನೆಂಬ ಭಾವ ಹೆಚ್ಚು. ತನ್ನ ಮನೆಯ ಹಿರಿಯನ ಹಬ್ಬವನ್ನು ಮನೆಯವರೇ ತಮಾಷೆ ಮಾಡಿದರೆಂಬ ನೋವು ಅವರದು.

ಈ ನೋವಿಗೆ ಇನ್ನೂ ಹಳೆಯದೊಂದು ಬೇರಿದೆ. 1960ರ ದಶಕದ ಕಂತುಗಳನ್ನು ಮುದ್ರಿಸಿದ್ದ ವಿಡಿಯೋ ಟೇಪುಗಳು ಬಹಳ ದುಬಾರಿಯಾಗಿದ್ದವು. ಅಳಿಸಿ ಮತ್ತೆ ಬಳಸುವುದು ವಾಡಿಕೆ. ನಟರ ಸಂಘದೊಡನೆ ಇದ್ದ ಒಪ್ಪಂದದಿಂದಾಗಿ ಮರುಪ್ರಸಾರಕ್ಕೆ ಮಿತಿಯಿತ್ತು. ಬಣ್ಣ ಬಂದ ಮೇಲೆ ಕಪ್ಪುಬಿಳುಪನ್ನು ಕೇಳುವವರಿರಲಿಲ್ಲ. ಮನೆಯಲ್ಲಿ ವಿಡಿಯೋ ನೋಡುವ ಕಾಲ ಬರುತ್ತದೆಂದು ಯಾರೂ ಎಣಿಸಿರಲಿಲ್ಲ. ಹೀಗೆ 1960ರ ದಶಕದ ಕೊನೆಯಿಂದ 1978ರವರೆಗೆ ಟೇಪುಗಳು ಅಳಿಸಿಹೋದವು, ಫಿಲ್ಮ್ ಪ್ರತಿಗಳು ನಾಶವಾದವು. ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದಿಗೂ ದೊರೆತಿಲ್ಲ. ವಾರಿಸ್ ಹುಸೇನ್ ಬಹುಪಾಲು ನಿರ್ದೇಶಿಸಿದ, 1964ರ 'ಮಾರ್ಕೋ ಪೋಲೋ' ಎಂಬ ಏಳು ಕಂತುಗಳ ಸುಂದರ ಐತಿಹಾಸಿಕ ಕಥೆಯ ಒಂದು ಕಂತೂ ಉಳಿದಿಲ್ಲ.

ಇಲ್ಲಿಯೇ ನನ್ನ ಮನಸ್ಸನ್ನು ಕಲಕಿದ ಸಂಗತಿಯೊಂದಿದೆ. ಚಿತ್ರ ಹೋದರೂ, ಕಳೆದುಹೋದ ಪ್ರತಿಯೊಂದು ಕಂತಿನ ಧ್ವನಿಯೂ ಉಳಿದಿದೆ. ಉಳಿಸಿದವರು ಯಾರು? ಆ ಕಾಲದ ಬಾಲಕರು, ತರುಣರು. ದೂರದರ್ಶನ ಪೆಟ್ಟಿಗೆಯ ಮುಂದೆ ಟೇಪ್ ರೆಕಾರ್ಡರ್ ಇಟ್ಟುಕೊಂಡು, ಮಾತು ಸಂಗೀತಗಳನ್ನು ಧ್ವನಿಮುದ್ರಿಸಿಕೊಂಡವರು. ಸಂಸ್ಥೆಯ ಉಗ್ರಾಣದಲ್ಲಿ ಬರಿದಾದದ್ದು ಅಭಿಮಾನಿಗಳ ಅಟ್ಟದ ಮೇಲಿತ್ತು. 'ಮಾರ್ಕೋ ಪೋಲೋ'ದ ಆರು ಕಂತುಗಳ, ತೆರೆಯಿಂದ ತೆಗೆದ ಚಿಕ್ಕ ಚಿಕ್ಕ ಸ್ಥಿರಚಿತ್ರಗಳು ದೊರೆತದ್ದು ಸ್ವತಃ ವಾರಿಸ್ ಹುಸೇನರ ಸಂಗ್ರಹದಲ್ಲಿ. ಅವರು ಅವನ್ನು ದಶಕಗಳ ಕಾಲ ಜೋಪಾನವಾಗಿ ಇರಿಸಿಕೊಂಡಿದ್ದರು.

ಮೂವತ್ತರ ಹಬ್ಬದಲ್ಲಿ ನಿರಾಶರಾದವರು ಮುಂದೇನು ಮಾಡಿದರೆಂಬುದು ಈ ಚರಿತ್ರೆಯ ಉತ್ತರಾರ್ಧ. ಧಾರಾವಾಹಿ ನಿಂತಿದ್ದ ವರ್ಷಗಳಲ್ಲಿ ಅಭಿಮಾನಿಗಳೇ ಅದರ ಕಾದಂಬರಿಗಳನ್ನು ಬರೆದರು. 1999ರಿಂದ ಹಳೆಯ ನಟರನ್ನೇ ಕರೆತಂದು ಶ್ರವ್ಯನಾಟಕಗಳನ್ನು ತಯಾರಿಸಿದರು. ಹಾಗೆ 1996ರಲ್ಲಿ ಒಂದು ಕಾದಂಬರಿ ಬರೆದಿದ್ದ ರಸಲ್ ಟಿ. ಡೇವಿಸ್ 2005ರ ಮಾರ್ಚ್ 26ರಂದು ಧಾರಾವಾಹಿಯನ್ನು ದೂರದರ್ಶನಕ್ಕೆ ಮರಳಿ ತಂದರು. ಆಮೇಲೆ ಡಾಕ್ಟರನಾದ ಡೇವಿಡ್ ಟೆನೆಂಟ್ ಬಾಲ್ಯದಿಂದಲೂ ಅದರ ಅಭಿಮಾನಿ. 2013ರಲ್ಲಿ ಆ ಪಾತ್ರಕ್ಕೆ ಬಂದ ಪೀಟರ್ ಕಪಾಲ್ಡಿ 1974ರಲ್ಲಿ, ಇನ್ನೂ ಹದಿಹರೆಯದವರಿದ್ದಾಗ, ಡಾಕ್ಟರನ ವಿಷಯವಾಗಿ 'ರೇಡಿಯೋ ಟೈಮ್ಸ್' ಪತ್ರಿಕೆಗೆ ಬರೆದ ಪತ್ರ ಅಲ್ಲಿ ಅಚ್ಚಾಗಿತ್ತು.

ಐವತ್ತನೆಯ ವರ್ಷದ ಹಬ್ಬ, 2013ರ ನವೆಂಬರ್ 23ರಂದು, 94 ದೇಶಗಳಲ್ಲಿ ಏಕಕಾಲಕ್ಕೆ ಪ್ರಸಾರವಾದ 'ದ ಡೇ ಆಫ್ ದ ಡಾಕ್ಟರ್' ಮೂಲಕ ನಡೆದು ಗಿನ್ನೆಸ್ ದಾಖಲೆಯನ್ನೂ ಸೇರಿತು. ವೃದ್ಧ ಟಾಮ್ ಬೇಕರ್ ಅದರ ಕೊನೆಯಲ್ಲಿ ಕೆಲವು ಕ್ಷಣ ಬಂದು ಹೋದರು. ಅದಕ್ಕೆ ಸ್ವಲ್ಪ ಮೊದಲು ನೈಜೀರಿಯಾದಲ್ಲಿ, ಕಳೆದುಹೋಗಿದ್ದ ಒಂಬತ್ತು ಕಂತುಗಳು ದೊರೆತ ಸುದ್ದಿ ಹೊರಬಿದ್ದಿತ್ತು. ಧಾರಾವಾಹಿಯ ಹುಟ್ಟಿನ ಕಥೆಯನ್ನು ಹೇಳುವ ಒಂದು ಚಿತ್ರವೂ ಆ ವಾರ ಬಂತು. ಅದರಲ್ಲಿ ವಾರಿಸ್ ಹುಸೇನರ ಪಾತ್ರವನ್ನು ಸಾಚಾ ಧವನ್ ವಹಿಸಿದರು. ಆಗಲೂ ಎಲ್ಲರಿಗೂ ಎಲೆ ಬಿತ್ತೆನ್ನುವಂತಿಲ್ಲ. ಹಬ್ಬದ ಮುಖ್ಯ ಕಥೆಗೆ ಕರೆ ಬಾರದ ಹಳೆಯ ಡಾಕ್ಟರುಗಳು, ಪೀಟರ್ ಡೇವಿಸನ್ನರ ನೇತೃತ್ವದಲ್ಲಿ, ಕರೆಯದಿದ್ದರೂ ನುಗ್ಗಲು ಹೊರಟ ತಮ್ಮದೇ ಪಾಡನ್ನು ನಗೆಚಿತ್ರವಾಗಿಸಿ ಜನರನ್ನು ನಗಿಸಿದರು. ನೋವನ್ನು ನಗೆಯಾಗಿಸಿದ ಅವರ ದೊಡ್ಡತನ ಮೆಚ್ಚತಕ್ಕದ್ದು.

ಈ ಚರಿತ್ರೆಯಿಂದ ನಾನು ಗ್ರಹಿಸಿದ್ದು ಇಷ್ಟು. ಸಂಸ್ಥೆಗಳಿಗೆ ಲೆಕ್ಕಪತ್ರವಿರುತ್ತದೆ, ನೆನಪನ್ನು ಹೊತ್ತು ನಡೆಯುವವರು ಜನ. ಟೇಪು ಅಳಿಸಿದವರು ದುಷ್ಟರೇನಲ್ಲ; ಆ ದಿನದ ಉಳಿತಾಯವನ್ನು ಮಾತ್ರ ಕಂಡವರು. ಹದಿಮೂರು ನಿಮಿಷಗಳಲ್ಲಿ ಹಬ್ಬ ಮುಗಿಸಿದವರೂ ಅಂತಹವರೇ. ಆದರೆ ನಿರಾಶರಾದ ಅಭಿಮಾನಿಗಳು ದೂರುತ್ತ ಕೂರಲಿಲ್ಲ. ತಾವು ಬಯಸಿದ ಹಬ್ಬವನ್ನು ತಾವೇ ಮಾಡುವ ಯೋಗ್ಯತೆ ಸಂಪಾದಿಸಿಕೊಂಡರು. ಅದಕ್ಕೆ ಅವರಿಗೆ ಇಪ್ಪತ್ತು ವರ್ಷ ಹಿಡಿಯಿತು.

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳು, ಪತ್ರಗಳು, ಶಾಲೆಯ ಸ್ಮರಣ ಸಂಚಿಕೆಗಳು ಇದ್ದರೆ ದಯವಿಟ್ಟು ರದ್ದಿಗೆ ಹಾಕುವ ಮೊದಲು ಒಮ್ಮೆ ಬಿಚ್ಚಿ ನೋಡಿ. ಬೇರೆಲ್ಲಿಯೂ ಉಳಿಯದ ಒಂದು ಧ್ವನಿ ಅಲ್ಲಿ ಇದ್ದೀತು.