ನಿಯಮದ ಪುಸ್ತಕ ಸಣ್ಣದಿರಲಿ, ಕಥೆಯ ಊರು ದೊಡ್ಡದಿರಲಿ



ನಾಲ್ಕೈದು ಜನ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ಮಾತಿನಲ್ಲೇ ಕಥೆ ಮುಂದುವರಿಸುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಒಬ್ಬರು ಆಟ ನಡೆಸುತ್ತಾರೆ. ಊರು, ಕಾಡು, ಶತ್ರು, ಮಳೆ-ಗಾಳಿ ಎಲ್ಲವನ್ನೂ ಅವರೇ ವರ್ಣಿಸುತ್ತಾರೆ. ಏನಾಗುವುದೋ ಎಂಬ ಅನುಮಾನ ಬಂದಾಗ ದಾಳ ಹಾಕುತ್ತಾರೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಾಸರಗೋಡಿನವರಿಗೆ ಇದು ತೀರಾ ಹೊಸದೆನಿಸದು. ಅಲ್ಲಿಯೂ ವೇಷವಿಲ್ಲ, ಅರ್ಥಧಾರಿ ಕುಳಿತಲ್ಲೇ ಪಾತ್ರವಾಗಿ ಮಾತು ಕಟ್ಟುತ್ತಾರೆ. ಪ್ರಸಂಗದ ಲೋಕ ಎಲ್ಲರಿಗೂ ಗೊತ್ತಿರುವುದರಿಂದಲೇ ಆ ಸ್ವಾತಂತ್ರ್ಯ.

ಈ ಆಟಗಳ ಇತಿಹಾಸದಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ: ಆಟಕ್ಕೆ ಜೀವ ತುಂಬುವುದು ಎಲ್ಲದಕ್ಕೂ ಉತ್ತರ ಬರೆದಿಟ್ಟ ನಿಯಮಗಳೋ, ನಾವು ಒಳಹೊಕ್ಕು ಓಡಾಡಬಹುದಾದ ಒಂದು ಲೋಕವೋ?

ಸೈನಿಕರ ಆಟದಿಂದ ಆರಂಭ

1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್, ತನ್ನ ತಂದೆ ರೂಪಿಸಿದ್ದ ಯುದ್ಧದ ಆಟವನ್ನು ಬೆಳೆಸಿ ‘ಕ್ರೀಗ್‌ಸ್ಪೀಲ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ. ಭೂಪಟದ ಮೇಲೆ ಪಡೆಗಳು, ಜೊತೆಗೆ ದಾಳ, ನಷ್ಟದ ಲೆಕ್ಕ ಹಾಕಲು ಕೋಷ್ಟಕಗಳು. ಆದರೆ ಲೆಕ್ಕ ಹಾಕುವುದರಲ್ಲೇ ಸಮಯ ಹೋಗುತ್ತಿತ್ತು. 1876ರಲ್ಲಿ ಫೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ, ಕೋಷ್ಟಕಗಳನ್ನು ಬದಿಗಿಟ್ಟು ಅನುಭವಿ ನಿರ್ಣಾಯಕನೇ ತೀರ್ಮಾನ ಹೇಳಲಿ ಎಂಬ ದಾರಿ ತೋರಿಸಿದ. ಭೂಪಟ ಉಳಿಯಿತು, ಲೆಕ್ಕದ ಹೊರೆ ಇಳಿಯಿತು.

ಸುಮಾರು ನೂರು ವರ್ಷಗಳ ಬಳಿಕ, 1969ರಲ್ಲಿ, ಅಮೆರಿಕದ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ಯುದ್ಧದ ಆಟವೊಂದನ್ನು ಏರ್ಪಡಿಸಿದರು. ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣ. ಅದರತ್ತ ಬರುತ್ತಿರುವ ಸೈನ್ಯ. ಸೇನಾಪತಿಗಳ ಪಾತ್ರದ ಜೊತೆಗೆ ಕೆಲವರಿಗೆ ಪಟ್ಟಣದ ಮೇಯರ್‌ನಂಥ ಪಾತ್ರಗಳನ್ನೂ ಕೊಟ್ಟರು. ಯುದ್ಧ ಶುರುವಾಗುವ ಮೊದಲೇ ಆಟಗಾರರು ಒಳಸಂಚು, ಚೌಕಾಶಿ, ಜಗಳಗಳಲ್ಲಿ ಮುಳುಗಿಹೋದರು. ಆಟ ಕೆಟ್ಟಿತೆಂದು ವೆಸ್ಲಿ ಭಾವಿಸಿದರೆ, ಆಟಗಾರರು ಇನ್ನೊಮ್ಮೆ ಆಡಿಸಿ ಎಂದು ಕೇಳಿದರು! ಆ ಬಳಗದ ಡೇವ್ ಆರ್ನೆಸನ್ ಇದನ್ನೇ ಮುಂದುವರಿಸಿ ‘ಬ್ಲ್ಯಾಕ್‌ಮೂರ್’ ಎಂಬ ಊರನ್ನೂ ಅದರ ಕೋಟೆಯನ್ನೂ ನೆಲಮಾಳಿಗೆಗಳನ್ನೂ ಕಲ್ಪಿಸಿದರು. 1974ರಲ್ಲಿ ಅವರೂ ಗ್ಯಾರಿ ಗೈಗ್ಯಾಕ್ಸ್ ಅವರೂ ಸೇರಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರತಂದರು. ಮೊದಲ ಮುದ್ರಣ 1,000 ಪ್ರತಿ. ಪೆಟ್ಟಿಗೆಯಲ್ಲಿ ಮೂರು ಸಣ್ಣ ಪುಸ್ತಿಕೆಗಳು.

ಅಲ್ಲಿ ನಿಯಮಗಳು ಅರೆಬರೆಯಾಗಿದ್ದವು. ಖಾಲಿ ಜಾಗವನ್ನು ಪ್ರತಿ ಬಳಗವೂ ತನಗೆ ತೋಚಿದಂತೆ ತುಂಬಿಕೊಂಡಿತು. ಎಲ್ಲೆಡೆ ಒಂದೇ ರೀತಿ ಆಡುವಂತಾಗಲಿ ಎಂದು 1977ರಿಂದ 1979ರೊಳಗೆ ಮೂರು ದಪ್ಪ ಪುಸ್ತಕಗಳು ಬಂದವು. ಅಪರಿಚಿತರು ಸೇರಿ ಸ್ಪರ್ಧೆ ಆಡುವಾಗ ಇದರಿಂದ ನ್ಯಾಯ ಸಿಗುತ್ತದೆ, ನಿಜ. ಆದರೆ ನಿಯಮ ಹೆಚ್ಚಿದಷ್ಟೂ ಪುಸ್ತಕ ಬಾಯಿಪಾಠ ಮಾಡಿದವನ ಮಾತೇ ನಡೆಯುತ್ತದೆ. ಹೊಸದಾಗಿ ಬಂದ ಹುಡುಗಿ ಸುಮ್ಮನೆ ಕುಳಿತಿರಬೇಕಾಗುತ್ತದೆ.

ಲೋಕದಿಂದ ಹುಟ್ಟಿದ ನಿಯಮ

ಗ್ರೆಗ್ ಸ್ಟಾಫರ್ಡ್ ಅವರದು ಇನ್ನೊಂದು ದಾರಿ. 1966ರಲ್ಲಿ, ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ, ಅವರು ‘ಗ್ಲೋರಾಂತಾ’ ಎಂಬ ಲೋಕದ ಪುರಾಣಗಳನ್ನು ಬರೆಯತೊಡಗಿದ್ದರು. ಆ ಲೋಕದಲ್ಲಿ ಪಾತ್ರವಹಿಸಿ ಆಡುವ ‘ರೂನ್‌ಕ್ವೆಸ್ಟ್’ ಬಂದದ್ದು 1978ರಲ್ಲಿ. ಅಂದರೆ ಲೋಕ ಮೊದಲು, ನಿಯಮ ಆಮೇಲೆ. 1985ರಲ್ಲಿ ಆರ್ಥರ್ ರಾಜನ ಕಥೆಗಳನ್ನು ಆಧರಿಸಿ ‘ಪೆಂಡ್ರಾಗನ್’ ಮಾಡಿದರು. ಅದರಲ್ಲಿ ಪ್ರತಿ ವೀರನಿಗೂ 13 ಜೋಡಿ ಗುಣಗಳು: ಕರುಣೆ–ಕ್ರೌರ್ಯ, ವಿನಯ–ಗರ್ವ, ಹೀಗೆ. ಪ್ರತಿ ಜೋಡಿಯ ಮೊತ್ತ 20. ಕರುಣೆ ಒಂದು ಹೆಚ್ಚಿದರೆ ಕ್ರೌರ್ಯ ಒಂದು ಇಳಿಯುತ್ತದೆ. ಕ್ರೈಸ್ತ ವೀರನಿಗೆ ಕ್ಷಮೆ, ಕರುಣೆ, ವಿನಯಗಳು ಮುಖ್ಯ. ಇಲ್ಲಿಯೂ ನಿಯಮವಿದೆ, ಆದರೆ ಅದು ಆ ಲೋಕದ ಬದುಕಿನಿಂದಲೇ ಬಂದದ್ದು. ಆಡುವವರು ಲೆಕ್ಕಕ್ಕಿಂತ ಹೆಚ್ಚಾಗಿ ತಮ್ಮ ಪಾತ್ರದ ಮನಸ್ಸಾಕ್ಷಿಯ ಬಗ್ಗೆ ಯೋಚಿಸುತ್ತಾರೆ.

ತಂದೆತಾಯಂದಿರಿಗೆ ಒಂದು ಮಾತು. 1980ರ ದಶಕದಲ್ಲಿ ಅಮೆರಿಕದ ಅನೇಕ ಕ್ರೈಸ್ತ ಕುಟುಂಬಗಳು, ಮಂತ್ರವಾದ, ದೆವ್ವಗಳ ಚಿತ್ರಗಳನ್ನು ಕಂಡು ಈ ಆಟಗಳಿಗೆ ಹೆದರಿದ್ದವು. ಆ ಭಯ ಬಹಳ ಕಡೆ ಅತಿರೇಕಕ್ಕೂ ಹೋಯಿತು. ಆದರೂ ಮಕ್ಕಳು ಗಂಟೆಗಟ್ಟಲೆ ಯಾವ ಲೋಕದಲ್ಲಿ ಕಳೆಯುತ್ತಿದ್ದಾರೆ, ಅಲ್ಲಿ ಯಾವುದಕ್ಕೆ ಬೆಲೆ ಎಂದು ಕೇಳುವುದು ಸರಿಯಾದ ಪ್ರಶ್ನೆಯೇ. ಜೊತೆಗೆ ಕುಳಿತು ಒಮ್ಮೆ ಆಡಿ ನೋಡಿ, ಉತ್ತರ ಸಿಗುತ್ತದೆ.

ತನ್ನ ನೆರೆಯವನು ಯಾರು ಎಂದು ಧರ್ಮಶಾಸ್ತ್ರಿಯೊಬ್ಬ ಯೇಸುಸ್ವಾಮಿಯನ್ನು ಕೇಳಿದ್ದು ಒಂದು ನಿಯಮವನ್ನು. ಸ್ವಾಮಿ ಕೊಟ್ಟದ್ದು ಒಂದು ದಾರಿಯನ್ನು: ಜೆರುಸಲೇಮಿನಿಂದ ಜೆರಿಕೋಗೆ ಇಳಿಯುವ ದಾರಿ, ಕಳ್ಳರು, ಗಾಯಾಳು, ಎಣ್ಣೆ, ದ್ರಾಕ್ಷಾರಸ, ಒಂದು ಛತ್ರ. ಆ ದಾರಿಯಲ್ಲಿ ನಿಂತಾಗ ಉತ್ತರ ಅವನ ಬಾಯಿಂದಲೇ ಬಂತು.

ಮುಂದಿನ ಯುವ ಶಿಬಿರದಲ್ಲಿ ನಾವೂ ಆಡಬಹುದು. ಪ್ರೇಷಿತರ ಕಾರ್ಯಕಲಾಪಗಳ 27ನೇ ಅಧ್ಯಾಯ ತೆರೆಯಿರಿ. ಬಿರುಗಾಳಿಗೆ ಸಿಕ್ಕ ಹಡಗು, ಅದರಲ್ಲಿ 276 ಜನ, ಹದಿನಾಲ್ಕನೆಯ ರಾತ್ರಿ. ನೀರಿನ ಆಳ 20 ಮಾರಿನಿಂದ 15ಕ್ಕೆ ಇಳಿದಿದೆ. ನಾವಿಕರು ದೋಣಿ ಇಳಿಸಿ ತಪ್ಪಿಸಿಕೊಳ್ಳಲು ನೋಡುತ್ತಿದ್ದಾರೆ. ಒಬ್ಬರು ನಾವಿಕ, ಒಬ್ಬರು ಸೈನಿಕ, ಒಬ್ಬರು ಕೈದಿ, ಒಬ್ಬರು ಹಡಗಿನ ಯಜಮಾನ. ಸಂತ ಪೌಲರ ಮಾತನ್ನು ಯಾರು ನಂಬುತ್ತೀರಿ? ಒಂದು ದಾಳ ಸಾಕು. ನಿಯಮ ಒಂದು ಪುಟ ದಾಟದಿರಲಿ. ಬೈಬಲ್ ಮರೆಯದೆ ತನ್ನಿ.