ಊರಿನ ವಾಚನಾಲಯ: ಗಡಿನಾಡ ಕನ್ನಡದ ಎರಡನೆಯ ಪಾಠಶಾಲೆ

ನಮ್ಮ ಶಾಲೆಯು ನೂರು ಸಂವತ್ಸರಗಳನ್ನು ಪೂರೈಸಿರುವ ಈ ಶುಭಾವಸರದಲ್ಲಿ ಸ್ಥಾಪಕರನ್ನು, ಸ್ಥಳದಾನಿಗಳನ್ನು, ಅಲ್ಪ ವೇತನಕ್ಕೆ ದುಡಿದ ಗುರುಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಧರ್ಮ. ಈ ಸಂಚಿಕೆಯ ಅನ್ಯ ಲೇಖನಗಳು ಆ ಕಾರ್ಯವನ್ನು ಮಾಡಿವೆ. ನಾವಿಲ್ಲಿ ಶಾಲೆಯ ಆವರಣದ ಹೊರಗಿರುವ ಒಂದು ಸಂಸ್ಥೆಯ ಚರಿತ್ರೆಯನ್ನು ಹೇಳಬಯಸುತ್ತೇವೆ. ಅದು ಊರಿನ ವಾಚನಾಲಯ. ಕಾಸರಗೋಡಿನ ಕನ್ನಡ ಶಾಲೆ ಮಗುವಿಗೆ ಕನ್ನಡವನ್ನು ಓದಲು ಕಲಿಸುತ್ತದೆ. ಆದರೆ ಹತ್ತನೆಯ ತರಗತಿಯ ಪರೀಕ್ಷೆ ಮುಗಿಸಿ ಹೊರನಡೆದ ಮೇಲೆ ಆ ಮಗು ಕನ್ನಡದಲ್ಲಿ ಏನನ್ನು ಓದಬೇಕು, ಎಲ್ಲಿ ಓದಬೇಕು ಎಂಬ ಪ್ರಶ್ನೆಗೆ ಶಾಲೆಯೊಂದೇ ಉತ್ತರ ಕೊಡಲಾರದು.

ನಮ್ಮ ಶಾಲೆ ಹುಟ್ಟಿದ ಕಾಲದಲ್ಲಿ ಈ ನಾಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕಾಗಿತ್ತು. ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು ಅಧ್ಯಾಪನ ವೃತ್ತಿಯನ್ನು ಆರಂಭಿಸಿದ್ದು ಇದೇ ಜಿಲ್ಲೆಯಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು. ಅವರು 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿ ಸೇರಿದರು. 1924ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ ಸ್ಥಾಪನೆಯಾಯಿತು. 1931ರಲ್ಲಿ ತಂಜಾವೂರು ಜಿಲ್ಲೆಯ ಮನ್ನಾರುಗುಡಿಯಲ್ಲಿ ಎತ್ತಿನ ಗಾಡಿಯ ಮೇಲೆ ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಯಿಂದ ಹಳ್ಳಿಗೆ ಸಾಗುವ ಸಂಚಾರಿ ಗ್ರಂಥಾಲಯ ಹೊರಟಿತು. ಪುಸ್ತಕವು ಕಪಾಟಿನ ಅಲಂಕಾರಕ್ಕಲ್ಲ, ಉಪಯೋಗಕ್ಕೆ. ಅದು ಪಂಡಿತನೊಬ್ಬನ ಸೊತ್ತಲ್ಲ, ಓದಬಲ್ಲ ಪ್ರತಿಯೊಬ್ಬನ ಹಕ್ಕು ಎಂಬುದು ಅವರ ಬೋಧನೆಯ ಸಾರ.

ಈ ವಿಚಾರ 1948ರಲ್ಲಿ ಶಾಸನದ ರೂಪ ಪಡೆಯಿತು. ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನ. ಪ್ರತಿ ಜಿಲ್ಲೆಗೂ ಒಂದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರವಿರಬೇಕೆಂದೂ, ಅದರ ವೆಚ್ಚಕ್ಕಾಗಿ ಆಸ್ತಿ ತೆರಿಗೆಯ ಮೇಲೆ ಪ್ರತ್ಯೇಕ ಉಪಕರವನ್ನು ವಸೂಲು ಮಾಡಬೇಕೆಂದೂ ಅದು ವಿಧಿಸಿತು. ಊರಿನ ದೀಪಕ್ಕೂ ದಾರಿಗೂ ತೆರಿಗೆ ಕೊಡುವಂತೆ ಊರಿನ ಓದಿಗೂ ತೆರಿಗೆ ಕೊಡಬೇಕು ಎಂಬ ತತ್ತ್ವ ನಮ್ಮ ನಾಡಿನ ಕಾನೂನಿನಲ್ಲಿ ಸೇರಿದ್ದು ಆಗ.

ಶಾಸನ ಬರುವ ಮೊದಲೇ ಜನರೇ ಕಟ್ಟಿಕೊಂಡ ವಾಚನಾಲಯಗಳಿದ್ದವು. ಮಲಬಾರಿನಲ್ಲಿ 1937ರಲ್ಲಿ ವಾಚನಾಲಯಗಳ ಸಂಘವೇ ರೂಪುಗೊಂಡಿತು. ಸ್ವಾತಂತ್ರ್ಯ ಚಳವಳಿ ಮತ್ತು ರೈತ ಚಳವಳಿಗಳು ರಾತ್ರಿ ಶಾಲೆ, ವಾಚನಾಲಯಗಳ ಮೂಲಕವೇ ಹಳ್ಳಿಗಳನ್ನು ತಲುಪಿದವು. ಒಬ್ಬರು ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಅಕ್ಷರ ಬಾರದವರು ಸುತ್ತ ಕುಳಿತು ಕೇಳುವುದು, ಕೇಳಿದ್ದನ್ನು ಚರ್ಚಿಸುವುದು ಅಂದಿನ ರೂಢಿ. ಆಗಿನ ಕಾಸರಗೋಡು ತಾಲೂಕಿನ ತೆಂಕಣ ಭಾಗದ ಕಯ್ಯೂರಿನಲ್ಲಿ ರೈತರು ಸಂಘಟಿತರಾದುದರ ಹಿನ್ನೆಲೆಯಲ್ಲಿಯೂ ಇಂಥ ಓದು ಇತ್ತು. ಅಲ್ಲಿನ ನಾಲ್ವರು ತರುಣರು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿದರು. ಆ ಕಥೆಯನ್ನು ಕಾದಂಬರಿಯಾಗಿಸಿದವರು ನೀಲೇಶ್ವರದ ಪ್ರೌಢಶಾಲೆಯಲ್ಲಿ ಓದಿದ ಕನ್ನಡ ಲೇಖಕ ನಿರಂಜನ. 1955ರಲ್ಲಿ ಪ್ರಕಟವಾದ ಅವರ 'ಚಿರಸ್ಮರಣೆ' ಮುಂದೆ ಮಲಯಾಳಂಗೂ ಅನುವಾದವಾಯಿತು.

ದೂರದ ತಿರುವಾಂಕೂರಿನಲ್ಲಿ ಇದೇ ಕಾಲಕ್ಕೆ ಇನ್ನೊಂದು ಪ್ರಯತ್ನ ನಡೆದಿತ್ತು. ಅದರ ನಾಯಕರು ವೃತ್ತಿಯಿಂದ ಶಾಲಾ ಅಧ್ಯಾಪಕರಾಗಿದ್ದ ಪಿ. ಎನ್. ಪಣಿಕ್ಕರ್. ಅವರು ತಮ್ಮ ಹುಟ್ಟೂರಾದ ನೀಲಂಪೇರೂರಿನಲ್ಲಿ ಗ್ರಂಥಾಲಯವೊಂದನ್ನು ಸ್ಥಾಪಿಸಿದ್ದು 1926ರಲ್ಲಿ. ಎಂದರೆ ಅದು ಹೆಚ್ಚುಕಡಿಮೆ ನಮ್ಮ ಶಾಲೆಯ ಓರಗೆಯದು. 1945ರಲ್ಲಿ ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಒಂದುಗೂಡಿಸಿ ಅವರು ಗ್ರಂಥಶಾಲಾ ಸಂಘವನ್ನು ಕಟ್ಟಿದರು. ರಾಜ್ಯಗಳ ಪುನರ್ವಿಂಗಡಣೆಯ ಬಳಿಕ ಅದು ಕೇರಳ ಗ್ರಂಥಶಾಲಾ ಸಂಘವಾಯಿತು. ಸಾಕ್ಷರತೆಗೆ ಸಲ್ಲಿಸಿದ ಸೇವೆಗಾಗಿ 1975ರಲ್ಲಿ ಯುನೆಸ್ಕೋದ ಕ್ರುಪ್ಸ್ಕಾಯಾ ಪ್ರಶಸ್ತಿಯನ್ನು ಪಡೆಯಿತು. ಪಣಿಕ್ಕರ್ ಅವರು ನಿಧನರಾದ ಜೂನ್ 19ನ್ನು ನಮ್ಮ ಶಾಲೆಯೂ ಸೇರಿದಂತೆ ಕೇರಳದ ಎಲ್ಲ ಶಾಲೆಗಳು ಪ್ರತಿವರ್ಷ ವಾಚನಾ ದಿನವಾಗಿ ಆಚರಿಸುತ್ತವೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರಲ್ಲಿ ರೂಪುಗೊಂಡ ಕಣ್ಣೂರು ಜಿಲ್ಲೆಯ ಭಾಗವಾಗಿದ್ದು, 1984ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಈ ನಡುವೆ 1967ರಲ್ಲಿ ಬಂದ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಬಡಗಣ ಭಾಗವನ್ನು ಮೈಸೂರಿಗೆ ಸೇರಿಸಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಕಯ್ಯಾರ ಕಿಞ್ಞಣ್ಣ ರೈಗಳಂಥ ಹಿರಿಯರು ತಮ್ಮ ಬಾಳಿನ ಬಹುಪಾಲನ್ನು ಆ ಪ್ರಶ್ನೆಗೆ ಮುಡಿಪಾಗಿಟ್ಟರು. ರಾಜ್ಯದ ಗಡಿ ಎಲ್ಲಿರಬೇಕೆಂಬುದು ಈ ಲೇಖನದ ವಿಷಯವಲ್ಲ. ಆದರೆ ಗಡಿ ಬದಲಾದಾಗ ಓದಿನ ವ್ಯವಸ್ಥೆಯೂ ಬದಲಾಯಿತೆಂಬುದನ್ನು, ಅದರ ಪರಿಣಾಮವನ್ನು ಹೆತ್ತವರೂ ಹಳೆವಿದ್ಯಾರ್ಥಿಗಳೂ ಅರಿತಿರಬೇಕೆಂಬುದು ನಮ್ಮ ಆಶಯ.

ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಗ್ರಂಥಾಲಯವನ್ನು ತೆರೆಯುವುದೂ ನಡೆಸುವುದೂ ಮುಖ್ಯವಾಗಿ ಸರಕಾರದ ಹೊಣೆ. ಅಲ್ಲಿ ಇಲಾಖೆಯಿದೆ, ನೌಕರರಿದ್ದಾರೆ. ಗ್ರಾಮ ಪಂಚಾಯತುಗಳ ಗ್ರಂಥಾಲಯಗಳು ಇಂದು 'ಅರಿವು ಕೇಂದ್ರ'ಗಳೆನಿಸಿವೆ. ಕೇರಳದ ರೀತಿ ಬೇರೆ. 1989ರ ಕೇರಳ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯು ಜನರ ಗ್ರಂಥಾಲಯವನ್ನು ಸರಕಾರದ ಇಲಾಖೆಯಾಗಿ ಮಾರ್ಪಡಿಸಲಿಲ್ಲ. ಊರವರೇ ಸೇರಿ ಗ್ರಂಥಾಲಯ ಕಟ್ಟಬೇಕು, ಸದಸ್ಯರನ್ನು ಸೇರಿಸಬೇಕು, ಮಹಾಸಭೆ ಕರೆದು ಸಮಿತಿಯನ್ನು ಆರಿಸಬೇಕು, ಪುಸ್ತಕಗಳ ದಾಖಲೆ ಪುಸ್ತಕವನ್ನೂ ಎರವಲು ಪುಸ್ತಕವನ್ನೂ ಲೆಕ್ಕಪತ್ರವನ್ನೂ ಇಡಬೇಕು. ಹೀಗೆ ನಡೆಯುವ ಗ್ರಂಥಾಲಯಕ್ಕೆ ಲೈಬ್ರರಿ ಕೌನ್ಸಿಲ್ ಅಂಗೀಕಾರ ನೀಡುತ್ತದೆ. ಕಾರ್ಯವನ್ನು ಪರಿಶೀಲಿಸಿ ದರ್ಜೆ ನಿರ್ಣಯಿಸುತ್ತದೆ. ದರ್ಜೆಗೆ ತಕ್ಕ ಅನುದಾನವನ್ನೂ ಗ್ರಂಥಪಾಲಕರಿಗೆ ಭತ್ತೆಯನ್ನೂ ಕೊಡುತ್ತದೆ. ತಾಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳ ಕೌನ್ಸಿಲ್‌ಗಳಿಗೂ ಚುನಾವಣೆಯ ಮೂಲಕವೇ ಪ್ರತಿನಿಧಿಗಳು ಬರುತ್ತಾರೆ. ಆ ಚುನಾವಣೆಯ ಬುಡವಿರುವುದು ಇಂಥ ಊರ ಗ್ರಂಥಾಲಯಗಳಲ್ಲಿ.

ಈ ವ್ಯವಸ್ಥೆಯ ಗುಣವೂ ಕಾಠಿಣ್ಯವೂ ಒಂದೇ ಕಡೆ ಇವೆ. ಊರವರು ಕಟ್ಟಿದಲ್ಲಿ ಸರಕಾರ ಕೈಹಿಡಿಯುತ್ತದೆ. ಕಟ್ಟದಲ್ಲಿ ಏನೂ ಬರುವುದಿಲ್ಲ. ಕನ್ನಡಿಗರಿರುವ ಗ್ರಾಮದಲ್ಲಿ ಕನ್ನಡದ ಗ್ರಂಥಾಲಯ ತಾನಾಗಿ ಹುಟ್ಟುವುದಿಲ್ಲ, ಯಾವ ಆದೇಶದಿಂದಲೂ ಹುಟ್ಟುವುದಿಲ್ಲ. ಇದ್ದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕ ಇರಬೇಕಾದರೆ ಕನ್ನಡ ಓದುವ ಸದಸ್ಯರಿರಬೇಕು, ಸಮಿತಿಯಲ್ಲಿ ಕನ್ನಡ ಬಲ್ಲವರಿರಬೇಕು, ಖರೀದಿಯ ಪಟ್ಟಿಯಲ್ಲಿ ಕನ್ನಡದ ಶೀರ್ಷಿಕೆಗಳನ್ನು ಬರೆದು ಕೊಡುವವರಿರಬೇಕು. ಎರವಲು ಪುಸ್ತಕದಲ್ಲಿ ಕನ್ನಡ ಗ್ರಂಥಗಳ ಹೆಸರೇ ಕಾಣದಿದ್ದರೆ ಮುಂದಿನ ವರ್ಷ ಕನ್ನಡ ಪುಸ್ತಕ ಕೊಳ್ಳಿರೆಂದು ಕೇಳಲು ಆಧಾರವೆಲ್ಲಿ?

ಹಣದ ವಿಷಯವನ್ನೂ ಸ್ಪಷ್ಟವಾಗಿ ಹೇಳುವುದು ಒಳಿತು. ಪಂಚಾಯತಿಗೆ ನಾವು ಸಲ್ಲಿಸುವ ಕಟ್ಟಡ ತೆರಿಗೆಯೊಡನೆ ಶೇಕಡಾ 5ರಷ್ಟು ಗ್ರಂಥಾಲಯ ಉಪಕರವೂ ಸೇರಿರುತ್ತದೆ. 1,000 ರೂಪಾಯಿ ತೆರಿಗೆ ಕಟ್ಟುವ ಮನೆಯು ಓದಿಗಾಗಿ 50 ರೂಪಾಯಿಯನ್ನು ಆಗಲೇ ಕೊಟ್ಟಿದೆ. ಮನೆಮಾತು ಕನ್ನಡವಿರಲಿ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳಂ ಯಾವುದೇ ಇರಲಿ, ಈ ಉಪಕರದಲ್ಲಿ ಭೇದವಿಲ್ಲ. ಆದ್ದರಿಂದ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕವನ್ನು ಕೇಳುವುದು ಯಾಚನೆಯಲ್ಲ. ನಾವು ಈಗಾಗಲೇ ಕೊಟ್ಟ ಹಣದ ಫಲವನ್ನು ಪಡೆಯುವ ಕ್ರಮವದು.

ಆ ಫಲವೇನೆಂಬುದನ್ನು ಅಧ್ಯಾಪಕರಾದ ನಾವು ದಿನವೂ ಕಾಣುತ್ತೇವೆ. ಬೆಳಗ್ಗೆ ವಾಚನಾಲಯದ ಮೇಜಿನ ಮೇಲೆ ಕನ್ನಡ, ಮಲಯಾಳಂ ಪತ್ರಿಕೆಗಳು ಜೊತೆಜೊತೆಯಾಗಿ ಬಿದ್ದಿರುತ್ತವೆ. ಮನೆಗೆ ಪತ್ರಿಕೆ ತರಿಸಲಾಗದವರೂ ಅವುಗಳನ್ನು ಓದುತ್ತಾರೆ. ಮಕ್ಕಳಿಗೆ ಬಾಲವೇದಿಕೆ, ಸ್ತ್ರೀಯರಿಗೆ ವನಿತಾವೇದಿಕೆಗಳಿವೆ. ಮನೆಯಲ್ಲಿ ಬೀಡಿ ಕಟ್ಟುತ್ತಲೋ ಅಡಿಕೆ ಸುಲಿಯುತ್ತಲೋ ದಿನ ಕಳೆಯುವ, ವಾಚನಾಲಯದವರೆಗೆ ಬರಲಾಗದ ಮಹಿಳೆಯರ ಮನೆಬಾಗಿಲಿಗೆ ಪುಸ್ತಕ ತಲುಪಿಸುವ ಯೋಜನೆಯೂ ಇದೆ. ಲೋಕಸೇವಾ ಆಯೋಗದ ಪರೀಕ್ಷೆಗೆ ಸಿದ್ಧರಾಗುವ ತರುಣ ತರುಣಿಯರು ಅಲ್ಲಿಯೇ ಸಂಜೆಗಳನ್ನು ಕಳೆಯುತ್ತಾರೆ. ಕನ್ನಡ ಮತ್ತು ಮಲಯಾಳಂ ಎರಡನ್ನೂ ಬಲ್ಲವರಿಗೆಂದೇ ಈ ಜಿಲ್ಲೆಯಲ್ಲಿ ಮೀಸಲಾದ ಹುದ್ದೆಗಳಿರುವುದರಿಂದ ಎರಡೂ ಭಾಷೆಗಳ ಓದು ಅವರಿಗೆ ಅನ್ನದ ದಾರಿಯೂ ಹೌದು. 2020ರ ಜೂನ್ 1ರಂದು ಶಾಲೆಗಳ ಬಾಗಿಲು ಮುಚ್ಚಿದ್ದಂತೆಯೇ ವಿಕ್ಟರ್ಸ್ ಚಾನೆಲಿನಲ್ಲಿ ಪಾಠಗಳು ಆರಂಭವಾದಾಗ, ಮನೆಯಲ್ಲಿ ಟಿವಿ ಅಥವಾ ಮೊಬೈಲು ಇಲ್ಲದ ಮಕ್ಕಳಿಗಾಗಿ ರಾಜ್ಯದ ಅನೇಕ ಗ್ರಂಥಾಲಯಗಳು ಕಲಿಕಾ ಕೇಂದ್ರಗಳಾದವು. ಶಾಲೆ ಮುಚ್ಚಿದಾಗ ತೆರೆದಿದ್ದ ಪಾಠಶಾಲೆಯೆಂದರೆ ಅದು.

ನಮ್ಮಲ್ಲಿ ಶಾಲಾ ಗ್ರಂಥಾಲಯವಿರುವಾಗ ಊರಿನದು ಏಕೆಂದು ಕೇಳುವವರಿದ್ದಾರೆ. ಶಾಲೆಯ ಕಪಾಟಿಗೆ ಎಪ್ರಿಲ್, ಮೇ ತಿಂಗಳುಗಳಲ್ಲಿ ಬೀಗ ಬೀಳುತ್ತದೆ. ಮಕ್ಕಳಿಗೆ ಓದಲು ಅತಿ ಹೆಚ್ಚು ಬಿಡುವಿರುವುದೂ ಆಗಲೇ. ಅಲ್ಲದೆ ಶಾಲೆಯ ಪುಸ್ತಕ ಶಾಲೆಯ ಮಕ್ಕಳಿಗೆ ಮಾತ್ರ. ತಾಯಿಗೆ, ಅಜ್ಜನಿಗೆ, ಕಲಿಕೆ ನಿಲ್ಲಿಸಿದ ಅಣ್ಣನಿಗೆ ಅದು ದೊರಕದು. ಪಠ್ಯಪುಸ್ತಕವನ್ನು ಪರೀಕ್ಷೆಗೆಂದು ಓದುವ ಮಗು ಪರೀಕ್ಷೆ ಮುಗಿದೊಡನೆ ಅದನ್ನು ಮುಚ್ಚಿಡುತ್ತದೆ. ತಾನೇ ಆರಿಸಿ ತಂದ ಕಥೆ ಪುಸ್ತಕವನ್ನಾದರೋ ತಮ್ಮನಿಗೆ ಓದಿ ಹೇಳುತ್ತದೆ. ಭಾಷೆ ಉಳಿಯುವುದು ಈ ಎರಡನೆಯ ಬಗೆಯ ಓದಿನಲ್ಲಿ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಲು ಸೌಕರ್ಯವಿರಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಿಕ್ಷಣ ಮುಗಿದ ನಂತರದ ಓದಿಗೆ ಅಂಥ ವಿಧಿಯಿಲ್ಲ. ಅದನ್ನು ಊರೇ ನೋಡಿಕೊಳ್ಳಬೇಕು.

ಮನೆಗಳಲ್ಲಿರುವ ಪುಸ್ತಕಗಳ ಕುರಿತೂ ಒಂದು ಮಾತು. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು ಹಲವು ಭಾಷೆಗಳ ಗ್ರಂಥಗಳನ್ನು ಜೀವನಪೂರ್ತಿ ಸಂಗ್ರಹಿಸಿದರು. 1963ರಲ್ಲಿ ಅವರು ನಿಧನರಾದ ಬಳಿಕ ಆ ಸಂಗ್ರಹವು ಉಡುಪಿಯ ಕಾಲೇಜಿನ ಆಶ್ರಯದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರದ ಆಸ್ತಿಯಾಗಿ ವಿದ್ವಾಂಸರ ಉಪಯೋಗಕ್ಕೆ ಒದಗಿತು. ಅಂಥ ಭಾಗ್ಯ ಎಲ್ಲ ಸಂಗ್ರಹಗಳಿಗೂ ಬರುವುದಿಲ್ಲ. ನಮ್ಮ ಹಳೆವಿದ್ಯಾರ್ಥಿಗಳ ಹಿರಿಯರು ಓದಿಟ್ಟ ಕಾದಂಬರಿಗಳು, ಯಕ್ಷಗಾನ ಪ್ರಸಂಗಗಳು, ಹಳೆಯ ಮಾಸಪತ್ರಿಕೆಗಳು ಅಟ್ಟದ ಮೇಲೆ ಮಳೆಗಾಲದ ತೇವಕ್ಕೂ ಗೆದ್ದಲಿಗೂ ಆಹಾರವಾಗುತ್ತಿವೆ. ಮನೆಯಲ್ಲಿ ಓದುವವರಿಲ್ಲದ ಪುಸ್ತಕಕ್ಕೆ ಊರಿನಲ್ಲಿ ಓದುಗನಿರುತ್ತಾನೆ.

ನಮ್ಮ ಮಾತನ್ನು ಯಾರೂ ಮಲಯಾಳಂ ವಿರೋಧವೆಂದು ಭಾವಿಸಬಾರದು. ಸಪ್ತಭಾಷೆಗಳ ಸಂಗಮಭೂಮಿಯೆನಿಸಿದ ಈ ಜಿಲ್ಲೆಯಲ್ಲಿ ಒಂದೇ ಛಾವಣಿಯ ಕೆಳಗೆ ಎರಡು ಭಾಷೆಗಳ ಕಪಾಟುಗಳಿರುವುದೇ ಸಹಜ ಸ್ಥಿತಿ. ಕಯ್ಯೂರಿನ ಕಥೆಯನ್ನು ಕನ್ನಡ ಕಪಾಟಿನಿಂದ ಒಬ್ಬನೂ ಮಲಯಾಳಂ ಕಪಾಟಿನಿಂದ ಇನ್ನೊಬ್ಬನೂ ಎತ್ತಿಕೊಂಡು ಓದುವಂತಾದರೆ ಅದಕ್ಕಿಂತ ಒಳ್ಳೆಯ ನೆರೆಹೊರೆ ಯಾವುದು? ಕನ್ನಡದ ಕಪಾಟು ಬರಿದಾದರೆ ಮಾತ್ರ ಆ ಸಮತೆ ಕೆಡುತ್ತದೆ.

ಶತಮಾನೋತ್ಸವದ ನೆನಪಿಗಾಗಿ ಏನು ಮಾಡಬಹುದೆಂದು ಹಲವು ಹಳೆವಿದ್ಯಾರ್ಥಿಗಳು ನಮ್ಮನ್ನು ಕೇಳಿದ್ದಾರೆ. ಶಾಲೆಗೆ ಮಾಡುವ ಉಪಕಾರವನ್ನು ಶಾಲೆಯ ಹೊರಗೂ ಮಾಡಬಹುದೆಂದು ನಾವು ವಿನಯಪೂರ್ವಕವಾಗಿ ಸೂಚಿಸುತ್ತೇವೆ. ನಿಮ್ಮ ವಾಸಸ್ಥಳಕ್ಕೆ ಸಮೀಪದ ಗ್ರಂಥಾಲಯದ ಸದಸ್ಯರಾಗಿರಿ. ಮಹಾಸಭೆಯ ದಿನ ತಪ್ಪದೆ ಹಾಜರಾಗಿರಿ. ಜಿಲ್ಲಾ ಪುಸ್ತಕೋತ್ಸವಕ್ಕೆ ಸಮಿತಿಯವರು ಹೊರಡುವ ಮೊದಲು ಬೇಕಾದ ಕನ್ನಡ ಪುಸ್ತಕಗಳ ಪಟ್ಟಿಯನ್ನು ಅವರ ಕೈಗೆ ಕೊಡಿರಿ. ಮುಂಬಯಿ, ಬೆಂಗಳೂರು, ಗಲ್ಫ್ ದೇಶಗಳಲ್ಲಿರುವವರು ರಜೆಯಲ್ಲಿ ಊರಿಗೆ ಬಂದಾಗ ಅಟ್ಟದ ಪುಸ್ತಕಗಳನ್ನು ಇಳಿಸಿ, ಧೂಳೊರೆಸಿ, ದಾಖಲೆ ಪುಸ್ತಕದಲ್ಲಿ ಬರೆಯಿಸಿ ಒಪ್ಪಿಸಿರಿ. ಹೆತ್ತವರು ವಾರಕ್ಕೊಮ್ಮೆ ಮಗುವಿನ ಕೈಹಿಡಿದು ಅಲ್ಲಿಗೆ ಕರೆದೊಯ್ಯಿರಿ. ಮಗುವಿನ ಹೆಸರಿನಲ್ಲಿ ಒಂದು ಪುಸ್ತಕ, ತಮ್ಮ ಹೆಸರಿನಲ್ಲಿ ಒಂದು ಪುಸ್ತಕ ತನ್ನಿರಿ.

ನೂರು ವರ್ಷಗಳ ಹಿಂದೆ ನಮ್ಮ ಹಿರಿಯರು ಸರಕಾರದ ಆದೇಶಕ್ಕಾಗಿ ಕಾಯಲಿಲ್ಲ. ಮುಳಿಹುಲ್ಲಿನ ಮಾಡು ಹೊದಿಸಿ, ಮಕ್ಕಳನ್ನು ಕೂಡಿಸಿ ಪಾಠ ಆರಂಭಿಸಿದರು. ಮಾನ್ಯತೆಯೂ ಅನುದಾನವೂ ಅನಂತರ ಬಂದವು. ಗ್ರಂಥಾಲಯದ ಕಾನೂನು ಇಂದಿಗೂ ನಮ್ಮಿಂದ ನಿರೀಕ್ಷಿಸುವುದು ಅದೇ ಕ್ರಮವನ್ನು. ಮೊದಲ ಹೆಜ್ಜೆ ಊರಿನದಾದರೆ ಎರಡನೆಯದು ಸರಕಾರದ್ದು. ಶಾಲೆ ಅಕ್ಷರ ಕೊಟ್ಟಿದೆ. ಆ ಅಕ್ಷರಕ್ಕೆ ಮುಂದಿನ ನೂರು ವರ್ಷ ಪುಸ್ತಕ ದೊರಕುವಂತೆ ಮಾಡುವುದು ಈ ಶಾಲೆಯಲ್ಲಿ ಓದಿದವರೆಲ್ಲರ ಕೈಯಲ್ಲಿದೆ.