ಜಾವಾ: ಅಂದಿನ ಸವಾರಿ, ಇಂದಿನ ಸವಾರಿ

ನಳೋಪಾಖ್ಯಾನದಲ್ಲಿ ಬರುವ ಒಂದು ಸಣ್ಣ ಪ್ರಸಂಗ ಬಹಳ ಮಂದಿಗೆ ನೆನಪಿರಬಹುದು. ಕಾರ್ಕೋಟಕನ ವಿಷದಿಂದ ರೂಪಗೆಟ್ಟು, ಬಾಹುಕನೆಂಬ ಹೆಸರಿನಿಂದ ಋತುಪರ್ಣನಲ್ಲಿ ಸಾರಥಿಯಾಗಿದ್ದ ನಳನು ಒಂದೇ ಹಗಲಿನಲ್ಲಿ ಅಯೋಧ್ಯೆಯಿಂದ ವಿದರ್ಭದ ಕುಂಡಿನಪುರಕ್ಕೆ ರಥವನ್ನು ತಂದು ನಿಲ್ಲಿಸುತ್ತಾನೆ. ಕಣ್ಣಿನಿಂದ ಅವನನ್ನು ಗುರುತಿಸುವವರು ಅಲ್ಲಿ ಯಾರೂ ಇಲ್ಲ. ಆದರೆ ಅರಮನೆಯೊಳಗಿದ್ದ ದಮಯಂತಿಗೆ ರಥದ ಸದ್ದು ಕಿವಿಗೆ ಬಿದ್ದೊಡನೆಯೇ, ನಳನು ನಡೆಸುವ ರಥವಲ್ಲದೆ ಬೇರೆ ಯಾವುದೂ ಹೀಗೆ ಗುಡುಗದು ಎನ್ನಿಸುತ್ತದೆ. ನಳನು ಬಲ್ಲ ವಿದ್ಯೆಗೆ ಅಶ್ವಹೃದಯವೆಂದು ಹೆಸರು. ಕುದುರೆಯ ಮನಸ್ಸನ್ನು ಕೈಯಿಂದಲೂ ಕಿವಿಯಿಂದಲೂ ಅರಿತು ನಡೆಸುವ ವಿದ್ಯೆ ಎಂದು ಅದನ್ನು ಬಿಡಿಸಿ ಹೇಳಬಹುದು. ಕನಕದಾಸರ ನಳಚರಿತ್ರೆಯ ದೆಸೆಯಿಂದ ಈ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಯಂತ್ರದ ಕುದುರೆಗೂ ಇಂಥದೊಂದು ವಿದ್ಯೆ ಬೇಕಾಗಿದ್ದ ಕಾಲವಿತ್ತು. ಆ ಕುದುರೆ ನಮ್ಮ ಮೈಸೂರಿನಲ್ಲಿಯೇ ತಯಾರಾಗುತ್ತಿತ್ತು. ಅದರ ಹೆಸರು ಜಾವಾ.

ಓಟಕ್ಕೆಂದೇ ಮಾಡಿದ ವಾಹನಗಳಲ್ಲಿ ಹಳೆಯದು ಮೇಲೋ ಹೊಸದು ಮೇಲೋ ಎಂಬ ವಾದ ಹೊರದೇಶಗಳಲ್ಲಿ ಕಾರುಗಳನ್ನು ಕುರಿತು ನಡೆಯುತ್ತದೆ. ಇಂಗ್ಲೆಂಡಿನ ಎಂ.ಜಿ., ಜಾಗ್ವಾರ್, ಇಟಲಿಯ ಆಲ್ಫಾ ರೋಮಿಯೊ ಇವುಗಳ ಹಳೆಯ ಮಾದರಿಗಳನ್ನು ಮಗುವಿನಂತೆ ಸಾಕಿಕೊಂಡವರು ಅಲ್ಲಿ ಸಾವಿರಾರು ಮಂದಿ. ನಮ್ಮ ನಡುಮಟ್ಟದ ಸಂಸಾರಗಳಿಗೆ ಅಂಥ ಕಾರುಗಳು ಅರಮನೆಯ ಲಾಯದಲ್ಲೋ ಸಿನಿಮಾದ ಪರದೆಯ ಮೇಲೋ ಕಾಣುವ ವಸ್ತುಗಳಾಗಿದ್ದವು. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಫಿಟ್ಟರಿಗೂ ವಿಜಯನಗರದ ಬ್ಯಾಂಕು ಗುಮಾಸ್ತರಿಗೂ ವೇಗದ ಸುಖವನ್ನು ಕೈಗೆಟುಕುವ ಬೆಲೆಯಲ್ಲಿ ಕೊಟ್ಟದ್ದು ಎರಡು ಚಕ್ರದ ಈ ಗಾಡಿ. ಆದ್ದರಿಂದ ಆ ವಾದವನ್ನು ನಾವು ಹೂಡುವುದಾದರೆ ಜಾವಾದ ಮೇಲೆಯೇ ಹೂಡಬೇಕು.

ಹೆಸರಿನ ಮೂಲ ಸ್ವಾರಸ್ಯವಾದದ್ದು. ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಕೈಗಾರಿಕೋದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ಮಾಡುವ ಹಕ್ಕನ್ನು ಕೊಂಡರು. ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಗಾಡಿಗೆ ನಾಮಕರಣವಾಯಿತು. ಚೆಕ್ ನುಡಿಯ ಉಚ್ಚಾರಣೆಯಂತೆ ಅದು 'ಯಾವಾ'. ನಮ್ಮಲ್ಲಿ ಹಾಗೆ ಹೇಳಿದ್ದರೆ "ನಿಮ್ಮದು ಯಾವ ಗಾಡಿ?" ಎಂಬ ಪ್ರಶ್ನೆಯೇ ಉತ್ತರವೂ ಆಗಿಬಿಡುತ್ತಿತ್ತು! ಇಂಗ್ಲಿಷಿನ ಹಾದಿಯಿಂದ ಬಂದದ್ದರಿಂದ ಅದು ಜಾವಾ ಆಗಿಯೇ ಉಳಿಯಿತು.

ಮುಂಬಯಿಯ ಪಾರಸಿ ಮನೆತನದ ರುಸ್ತುಮ್ ಇರಾನಿ, ಫಾರೂಖ್ ಇರಾನಿ ಇವರು ಸ್ಥಾಪಿಸಿದ ಐಡಿಯಲ್ ಜಾವಾ ಕಂಪನಿಯ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿ 1961ರಲ್ಲಿ ಕೆಲಸ ಆರಂಭಿಸಿತು. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಮೈಸೂರಿನ ಆಕಾಶವಾಣಿ ನಿಲಯವಿರುವುದೂ ಅದೇ ಯಾದವಗಿರಿಯಲ್ಲಿ. ಊರಿಗೆಲ್ಲ ಕೇಳಿಸುವ ಎರಡು ಸದ್ದುಗಳು ಒಂದೇ ಬಡಾವಣೆಯಿಂದ ಹೊರಟವೆಂದು ತಮಾಷೆಯಾಗಿ ಹೇಳಬಹುದು. 1970ರ ದಶಕದಲ್ಲಿ ಚೆಕ್ ಕಂಪನಿಯ ಹೆಸರು ಬಿಟ್ಟುಹೋಗಿ ಗಾಡಿಗೆ ಯೆಜ್ಡಿ ಎಂಬ ಹೆಸರು ಬಂತು. ಇರಾನಿನ ಯಜ್ದ್ ಎಂಬ ನಗರದ ನೆನಪು ಅದರಲ್ಲಿದೆ. 'ಸವಾರಿ' ಎಂಬ ಮಾತೂ ನಮಗೆ ಪಾರಸಿಯಿಂದಲೇ ಬಂದದ್ದು ಎಂಬುದನ್ನು ಇಲ್ಲಿ ನೆನೆದರೆ ತಪ್ಪಾಗದು. 1978ರಲ್ಲಿ ಬಂದ ರೋಡ್‌ಕಿಂಗ್ ಎಂಬ ಮಾದರಿ ಕಾಲೇಜು ಹುಡುಗರ ಕನಸಿನ ಗಾಡಿಯಾಯಿತು.

ಈ ಗಾಡಿಯನ್ನು ಓಡಿಸುವುದೆಂದರೆ ಏನು? ಕನ್ನಡದಲ್ಲಿ ಎತ್ತಿನ ಗಾಡಿಯನ್ನು ಹೊಡೆಯುತ್ತೇವೆ, ಕುದುರೆಯನ್ನು ಏರುತ್ತೇವೆ, ಸೈಕಲ್ಲನ್ನು ತುಳಿಯುತ್ತೇವೆ, ಕಾರನ್ನು ಬಿಡುತ್ತೇವೆ. ವಾಹನಕ್ಕೂ ನಮ್ಮ ಮೈಗೂ ಇರುವ ನಂಟೇ ಈ ಕ್ರಿಯಾಪದಗಳಲ್ಲಿ ಅಡಗಿದೆ. ಜಾವಾವನ್ನಾದರೋ ಮೊದಲು ಒದೆಯಬೇಕಾಗಿತ್ತು. ಎಡಗಾಲಿನ ಬಳಿ ಇರುವುದು ಒಂದೇ ಸನ್ನೆ. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ಎತ್ತಿ ನಿಲ್ಲಿಸಿದರೆ ಕಿಕ್ಕರ್. ಗಾಡಿ ಎದ್ದಮೇಲೆ ಮುಂದಕ್ಕೆ ಮಲಗಿಸಿದರೆ ಅದೇ ಗೇರ್. ಒದೆಯುವುದಕ್ಕೆ ಮುಂಚೆ ಪೆಟ್ರೋಲಿನ ನಲ್ಲಿಯನ್ನು ತಿರುಗಿಸಬೇಕು. ಚಳಿಯ ಬೆಳಗಾದರೆ ಕಾರ್ಬ್ಯುರೇಟರಿನ ಮೇಲಿನ ಸಣ್ಣ ಗುಂಡಿಯನ್ನು ಬೆರಳಿನಿಂದ ಒತ್ತಿ, ಪೆಟ್ರೋಲು ಬೆರಳಿಗೆ ಒದ್ದೆಯಾಗಿ ಸೋಂಕುವವರೆಗೆ ಕಾಯಬೇಕು. ಎಷ್ಟು ಒತ್ತಬೇಕೆಂಬುದು ಯಾವ ಪುಸ್ತಕದಲ್ಲಿಯೂ ಬರೆದು ತಿಳಿಸುವಂಥದಲ್ಲ. ಹೆಚ್ಚಾದರೆ ಪ್ಲಗ್ಗು ತೊಯ್ದು ಗಾಡಿ ಮುನಿಸಿಕೊಳ್ಳುವುದು, ಕಡಿಮೆಯಾದರೆ ಎದ್ದೇಳದು. ಅಕ್ಕಪಕ್ಕದ ಮನೆಯವರಿಗೆ ಯಾರ ಗಾಡಿ ಎಷ್ಟನೆಯ ಒದೆತಕ್ಕೆ ಏಳುತ್ತದೆಂಬುದು ಬಾಯಿಪಾಠವಾಗಿರುತ್ತಿತ್ತು.

ಎಂಜಿನ್ನಿನ ಬಗೆಯನ್ನು ಸ್ವಲ್ಪ ವಿವರಿಸಬೇಕು. ಅದು ಸುಮಾರು 250 ಸಿ.ಸಿ. ಗಾತ್ರದ, ಒಂದೇ ಸಿಲಿಂಡರಿನ, ಟೂ ಸ್ಟ್ರೋಕ್ ಯಂತ್ರ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಅಚ್ಚು ಎರಡು ಸುತ್ತು ತಿರುಗಿದಾಗ ಒಮ್ಮೆ ಕಿಡಿ ಹತ್ತಿ ಬಲ ಹುಟ್ಟಿದರೆ, ಇಲ್ಲಿ ಪ್ರತಿ ಸುತ್ತಿಗೂ ಒಮ್ಮೆ. ಆದ್ದರಿಂದಲೇ ಕೈ ತಿರುಚಿದೊಡನೆ ಮುನ್ನುಗ್ಗುವ ಚುರುಕು. ಕವಾಟಗಳಿಲ್ಲ, ಒಳಗೆ ಓಡಾಡುವ ಭಾಗಗಳು ಬೆರಳೆಣಿಕೆಯಷ್ಟು. ಆದರೆ ಬೇರೆಯಾಗಿ ಎಣ್ಣೆಯ ವ್ಯವಸ್ಥೆ ಇಲ್ಲದ್ದರಿಂದ ಪೆಟ್ರೋಲಿಗೇ ಎಣ್ಣೆಯನ್ನು ಬೆರೆಸಬೇಕು. ಬಂಕಿನಲ್ಲಿ ಪೆಟ್ರೋಲಿನ ಜೊತೆಗೆ ಎಣ್ಣೆಯನ್ನೂ ಅಳೆದು ಹುಯ್ಯಿಸಿಕೊಂಡು, ಗಾಡಿಯನ್ನು ಎರಡೂ ಕಡೆಗೆ ವಾಲಿಸಿ ಕಲಕಿ ಹೊರಡುವುದು ಸವಾರರ ನಿತ್ಯವಿಧಿ. ಎರಡು ಸೈಲೆನ್ಸರುಗಳಿಂದ ನೀಲಿಯ ಹೊಗೆ. ನಿಂತಾಗ ಒಂದು ಬಡಿತ ಬಿಟ್ಟು ಒಂದು ಬಡಿತದಂತೆ ತೊದಲುವ ಸದ್ದು, ವೇಗ ಏರಿದಂತೆ ತೊದಲು ಹೋಗಿ ಒಂದೇ ನಾದ. ರೇಡಿಯೋ ಕೇಳಿ ಪಳಗಿದ ಕಿವಿಗಳಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಬೀದಿಯ ತಿರುವಿನಲ್ಲಿ ಕೇಳಿದೊಡನೆ, ಅಪ್ಪ ಬಂದರು ಎಂದು ಮಕ್ಕಳು ಬಾಗಿಲಿಗೆ ಓಡುತ್ತಿದ್ದ ಸದ್ದು ಅದು.

ಗೇರ್ ನಾಲ್ಕು. ಜಾವಾದ ಒಂದು ಜಾಣ್ಮೆಯೆಂದರೆ, ಕಾಲಿನಿಂದ ಗೇರ್ ಸನ್ನೆಯನ್ನು ಒತ್ತಿದಾಗ ಕ್ಲಚ್ಚು ತಾನಾಗಿ ಬಿಡಿಸಿಕೊಳ್ಳುತ್ತಿತ್ತು. ಕೈಯ ಕ್ಲಚ್ಚು ಹಿಡಿಯದೆ ಗೇರ್ ಬದಲಿಸಬಹುದಾಗಿತ್ತು. ಆದರೆ ಕಾಲನ್ನು ಸನ್ನೆಯಿಂದ ಎತ್ತುವಲ್ಲಿ ಹದ ತಪ್ಪಿದರೆ ಗಾಡಿ ಎಗರುವುದು. ಕೈ ಕಾಲುಗಳ ಈ ಹೊಂದಿಕೆಯನ್ನು ಕಲಿತವರು, ಹಿಂದೆ ಕುಳಿತವರಿಗೆ ಗೇರ್ ಬದಲಾದದ್ದು ತಿಳಿಯದಂತೆ ಓಡಿಸುತ್ತಿದ್ದರು.

ಅಶ್ವಹೃದಯ ನಿಜವಾಗಿ ಬೇಕಾಗುತ್ತಿದ್ದುದು ಘಟ್ಟವಿಳಿಯುವಾಗ. ಆಗುಂಬೆಯಲ್ಲಿಯೋ ಚಾರ್ಮಾಡಿಯಲ್ಲಿಯೋ ಇಳಿಜಾರಿನಲ್ಲಿ ಕೈ ಮುಚ್ಚಿ ಗೇರಿನಲ್ಲಿಯೇ ಗಾಡಿಯನ್ನು ತಡೆಯುತ್ತ ಹೋದರೆ, ಪೆಟ್ರೋಲು ನಿಂತಂತೆ ಎಣ್ಣೆಯೂ ನಿಲ್ಲುತ್ತದೆ. ಎಂಜಿನ್ನು ಮಾತ್ರ ಚಕ್ರದ ಓಟಕ್ಕೆ ಸಿಕ್ಕಿ ಒಣಗಿ ತಿರುಗುತ್ತಿರುತ್ತದೆ. ಹೀಗೇ ಮುಂದುವರಿದರೆ ಪಿಸ್ಟನ್ ಹಿಡಿದುಕೊಳ್ಳುವುದು, ಹಿಂದಿನ ಚಕ್ರ ಕಟ್ಟಿಹಾಕಿದಂತೆ ನಿಲ್ಲುವುದು. ಬಲ್ಲವರು ಆಗಾಗ ಕೈಯನ್ನು ಕೊಂಚ ತಿರುಚಿ ಎಂಜಿನ್ನಿಗೆ ಒಂದು ಗುಟುಕು ಎಣ್ಣೆ ಕುಡಿಸುತ್ತ ಇಳಿಯುತ್ತಿದ್ದರು. ಬ್ರೇಕಾದರೋ ಎರಡು ಚಕ್ರಕ್ಕೂ ಡ್ರಮ್ಮಿನದು. ನೀರು ಹೊಕ್ಕರೆ ಒಣಗುವವರೆಗೆ ಅದರ ಹಿಡಿತ ಅನುಮಾನ. 6 ವೋಲ್ಟಿನ ದೀಪ ಗಾಡಿ ನಿಧಾನವಾದಂತೆ ಮಂಕಾಗುತ್ತಿತ್ತು. ಕತ್ತಲು ಹೆಚ್ಚಾಗಿ ಕಂಡಷ್ಟೂ ಮೆಲ್ಲಗೆ ಹೋಗಬೇಕು, ಮೆಲ್ಲಗೆ ಹೋದಷ್ಟೂ ಕತ್ತಲು ಹೆಚ್ಚಬೇಕು! ಹಳೆಯದನ್ನು ಹೊಗಳುವವರು ಈ ಮಾತುಗಳನ್ನು ಸಾಮಾನ್ಯವಾಗಿ ನುಂಗಿಬಿಡುತ್ತಾರೆ.

ಇಷ್ಟು ಮೆಚ್ಚಿನ ಗಾಡಿ ನಿಂತದ್ದೇಕೆ? 1980ರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಸಹಯೋಗದಿಂದ 100 ಸಿ.ಸಿ.ಯ ಹಗುರ ಬೈಕುಗಳು ಬಂದವು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100 ನಾಲ್ಕು ಸ್ಟ್ರೋಕಿನದು. ಎಣ್ಣೆ ಬೆರೆಸುವ ಗೊಡವೆಯಿಲ್ಲ, ಒಂದು ಲೀಟರಿಗೆ ಯೆಜ್ಡಿಗಿಂತ ಎರಡು ಪಟ್ಟಿಗೂ ಮಿಕ್ಕ ದೂರ. ಅದೇ ವರ್ಷ ಬಂದ ಯಮಹಾ ಆರ್.ಎಕ್ಸ್. 100 ಟೂ ಸ್ಟ್ರೋಕೇ ಆದರೂ, ಚುರುಕನ್ನು ಬಯಸುವ ಹುಡುಗರನ್ನು ತನ್ನ ಕಡೆಗೆ ಸೆಳೆದುಕೊಂಡಿತು. ಸಂಸಾರಸ್ಥರು ಒಂದು ಕಡೆಗೆ, ಹುಡುಗರು ಇನ್ನೊಂದು ಕಡೆಗೆ ಹೋದರು. ಮೇಲಾಗಿ ಹೊಗೆಯ ನಿಯಮಗಳು 1990ರ ದಶಕದುದ್ದಕ್ಕೂ ಬಿಗಿಯಾಗುತ್ತ ನಡೆದವು. 1996ರಲ್ಲಿ ಯಾದವಗಿರಿಯ ಕಾರ್ಖಾನೆ ಬಾಗಿಲು ಹಾಕಿತು. ಒಂದು ಗಾಡಿಯ ತಯಾರಿಕೆ ನಿಂತಿತೆಂದು ಅದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಮೈಸೂರಿನ ಎಷ್ಟೋ ಮನೆಗಳಲ್ಲಿ ಅದು ಅನ್ನದ ಪ್ರಶ್ನೆಯಾಯಿತು. ಮುಂದೆ ಕಂಪನಿಯ ವ್ಯವಹಾರ ಹೈಕೋರ್ಟಿನ ಲಿಕ್ವಿಡೇಟರ ಕೈಗೆ ಹೋಯಿತು.

ಇಪ್ಪತ್ತೆರಡು ವರ್ಷಗಳ ತರುವಾಯ, 2018ರ ನವೆಂಬರಿನಲ್ಲಿ, ಜಾವಾ ಮತ್ತೆ ಬಂತು. ಮಹೀಂದ್ರಾ ಬಳಗದ ಕ್ಲಾಸಿಕ್ ಲೆಜೆಂಡ್ಸ್ ಎಂಬ ಕಂಪನಿಯದು ಈ ಸಾಹಸ. ರುಸ್ತುಮ್ ಇರಾನಿಯವರ ಮಗ ಬೊಮನ್ ಇರಾನಿಯವರೂ ಅದರಲ್ಲಿ ಪಾಲುದಾರರು. 2022ರ ಜನವರಿಯಲ್ಲಿ ಯೆಜ್ಡಿಯೂ ಹಿಂದೆಯೇ ಬಂತು. ತಯಾರಿಕೆ ಮಾತ್ರ ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರು ಒಂದೆಡೆ ಉಳಿದು ಕುಲುಮೆ ಇನ್ನೊಂದೆಡೆ ಹೋಗುವುದು ಇಂದಿನ ಲೋಕದಲ್ಲಿ ಹೊಸದಲ್ಲ. ಇಂಗ್ಲಿಷರ ಜಾಗ್ವಾರ್ 2008ರಲ್ಲಿ ನಮ್ಮ ಟಾಟಾದವರದಾಯಿತು, ಎಂ.ಜಿ. ಚೀನೀಯರ ಪಾಲಾಯಿತು.

2018ರಲ್ಲಿ ಬಂದ ಹೊಸ ಜಾವಾ ನೋಟಕ್ಕೆ ಹಳೆಯದರ ತಮ್ಮನಂತೆಯೇ ಇದೆ. ಅದೇ ಕೆಂಗಂದು ಬಣ್ಣ, ಹೊಳೆಯುವ ಟ್ಯಾಂಕು, ಎರಡು ಸೈಲೆನ್ಸರು. ಒಳಗಿರುವುದು ಬೇರೆಯೇ ಜೀವ: ನಾಲ್ಕು ಸ್ಟ್ರೋಕಿನ 293 ಸಿ.ಸಿ. ಎಂಜಿನ್ನು, ತಣಿಸಲು ಒಳಗೆ ಹರಿಯುವ ದ್ರವ, ಆರು ಗೇರ್, ಸುಮಾರು 27 ಅಶ್ವಶಕ್ತಿ. ಮೈಸೂರಿನ ಮೊದಮೊದಲ ಜಾವಾದ ಬಲ ಸುಮಾರು 12, ರೋಡ್‌ಕಿಂಗಿನದು 16. ಪೆಟ್ರೋಲು ಎಷ್ಟು ಹೋಗಬೇಕೆಂಬುದನ್ನು ಒಳಗಿನ ಗಣಕವೇ ತೀರ್ಮಾನಿಸುತ್ತದೆ. ಗುಂಡಿ ಒತ್ತಿದರೆ ಗಾಡಿ ಏಳುತ್ತದೆ. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು, ಅದರ ಜೊತೆಗೆ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ಎ.ಬಿ.ಎಸ್.; 125 ಸಿ.ಸಿ.ಗಿಂತ ದೊಡ್ಡ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದ ಸರಕಾರ ಅದನ್ನು ಕಡ್ಡಾಯ ಮಾಡಿತು.

ನಾನು ಎರಡನ್ನೂ ಓಡಿಸಿ ನೋಡಿದ್ದೇನೆ. ಹೊಸದರ ಮೇಲೆ ಕುಳಿತು ನಾಯಂಡಹಳ್ಳಿಯಿಂದ ಕೆಂಗೇರಿಯ ಕಡೆಗೆ ಹೊರಟರೆ ಮೊದಲು ತೋರುವುದು ಭಾರ. ಸುಮಾರು 170 ಕಿಲೋ ತೂಕದ ಈ ಗಾಡಿ ಹಳೆಯದಕ್ಕಿಂತ ಗಟ್ಟಿಯಾಗಿ ನೆಲ ಹಿಡಿಯುತ್ತದೆ. ಹಳೆಯದು ಕೈಯಲ್ಲಿ ಹಗುರವಾಗಿ ಆಡುತ್ತಿತ್ತು, ಗುಂಡಿಯ ಪೆಟ್ಟನ್ನು ಮುಚ್ಚುಮರೆಯಿಲ್ಲದೆ ಬೆನ್ನಿಗೆ ಒಪ್ಪಿಸುತ್ತಿತ್ತು. ಎದುರಿಗೆ ಹಸುವೊಂದು ಅಡ್ಡ ಬಂದಾಗ ಹೊಸ ಗಾಡಿ ನಿಂತ ರೀತಿಯನ್ನು ಕಂಡ ಮೇಲೆ ಡ್ರಮ್ ಬ್ರೇಕಿನ ಗುಣಗಾನ ಮಾಡಲು ನನಗೆ ಮನಸ್ಸಿಲ್ಲ. ನಮ್ಮ ಶಾಲೆಯಲ್ಲಿ ಓದಿ ಹೋದ ಹುಡುಗರು ಸಲಹೆ ಕೇಳಿದರೆ ಹೊಸದನ್ನೇ ಕೊಳ್ಳಿ ಎನ್ನುತ್ತೇನೆ.

ಆದರೂ ಇವೆರಡನ್ನು ಬಲದಿಂದಲೋ ವೇಗದಿಂದಲೋ ಅಳೆದರೆ ಮುಖ್ಯವಾದ ವ್ಯತ್ಯಾಸ ತಪ್ಪಿಹೋಗುತ್ತದೆ. ಹಳೆಯ ಗಾಡಿಯನ್ನು ನಡೆಸುವ ಅರಿವಿನಲ್ಲಿ ಅರ್ಧ ಸವಾರರ ಮೈಯಲ್ಲಿತ್ತು. ಎಣ್ಣೆಯ ಅಳತೆ, ಪ್ಲಗ್ಗಿನ ಬಣ್ಣ, ಘಟ್ಟದಲ್ಲಿ ಕುಡಿಸುವ ಗುಟುಕು, ಸದ್ದಿನಲ್ಲಿ ಬಂದ ಒಂದು ಅಪಸ್ವರ, ಇವೆಲ್ಲ ಅವರ ಲೆಕ್ಕದಲ್ಲಿದ್ದವು. ಸೀಟಿನ ಕೆಳಗೆ ಒಂದು ಬದಲಿ ಪ್ಲಗ್ಗನ್ನೂ ಅದನ್ನು ಬಿಚ್ಚುವ ಸ್ಪ್ಯಾನರನ್ನೂ ಇಟ್ಟುಕೊಳ್ಳದೆ ಯಾರೂ ಊರು ದಾಟುತ್ತಿರಲಿಲ್ಲ. ಹೊಸದರಲ್ಲಿ ಆ ಅರಿವೆಲ್ಲ ಗಾಡಿಯೊಳಕ್ಕೆ ಹೋಗಿದೆ. ಕೆಟ್ಟರೆ ಅದನ್ನು ಹೊರಕ್ಕೆ ಓದುವ ಉಪಕರಣ ಸರ್ವಿಸ್ ಸೆಂಟರಿನಲ್ಲಿದೆ. ಮರದ ಕೆಳಗೆ ಕುಳಿತು ಕಿವಿಯೊಡ್ಡಿ ಕೇಳಿ "ಪಾಯಿಂಟ್ ಹೋಗಿದೆ ಸ್ವಾಮಿ" ಎನ್ನುತ್ತಿದ್ದ ಮೆಕ್ಯಾನಿಕ್ಕಿಗೆ ಅಲ್ಲಿ ಕೆಲಸವಿಲ್ಲ. ಸದ್ದನ್ನೂ ಹಿಂದಕ್ಕೆ ತರಲಾಗಲಿಲ್ಲ. ಎರಡು ಸೈಲೆನ್ಸರು ಇಟ್ಟರೂ ನಾಲ್ಕು ಸ್ಟ್ರೋಕಿನ ಎಂಜಿನ್ನು ತನ್ನ ತಾಳದಲ್ಲಿಯೇ ನುಡಿಯಬೇಕಷ್ಟೆ. ಇದು ದೋಷವಲ್ಲ, ಆ ನೀಲಿಯ ಹೊಗೆಯನ್ನು ಬಿಟ್ಟು ಆ ಸದ್ದೊಂದನ್ನೇ ಪಡೆಯುವ ಉಪಾಯವಿಲ್ಲ.

ಹಳೆಯವು ಪೂರ್ತಿಯಾಗಿ ಮರೆಯಾಗಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗ ಹುಡುಕಿ ಅವುಗಳನ್ನು ಉಳಿಸಿಕೊಂಡವರುಂಟು. ವರ್ಷಕ್ಕೊಮ್ಮೆ, ಜುಲೈ ತಿಂಗಳ ಎರಡನೆಯ ಭಾನುವಾರ, ಜಾವಾ ದಿನವೆಂದು ಅವರು ಸೇರುವ ರೂಢಿಯಾಗಿದೆ. ಅವರಲ್ಲಿ ಕೆಲವರು ಕೆಂಗೇರಿಯ ಹಾದಿ ಹಿಡಿದು, ಗಾಡಿಯನ್ನು ಅದರ ತವರಾದ ಮೈಸೂರಿಗೆ ಕರೆದೊಯ್ಯುವುದೂ ಉಂಟು. ಆ ಹಾದಿ ಈಗ ಹತ್ತು ಪಥಗಳ ದೊಡ್ಡ ಹೆದ್ದಾರಿ. 2023ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. ಅಪಘಾತಗಳು ಹೆಚ್ಚಿದ್ದರಿಂದ ಅದೇ ವರ್ಷದ ಆಗಸ್ಟ್ 1ರಿಂದ ನಡುವಿನ ಆರು ಪಥಗಳಲ್ಲಿ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಯಿತು. ಬೈಕಿನವರಿಗೆ ಬಿಟ್ಟದ್ದು ಅಕ್ಕಪಕ್ಕದ ಸರ್ವಿಸ್ ರಸ್ತೆ, ಮತ್ತು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರುಗಳ ಪೇಟೆಯೊಳಗಿಂದ ಹಾಯುವ ಹಳೆಯ ದಾರಿ. ಬಸ್ಸು, ಎತ್ತಿನ ಗಾಡಿ, ಎಳನೀರಿನ ರಾಶಿಗಳ ನಡುವೆ ಹಳೆಯ ಜಾವಾ ತನ್ನ ನಾಲ್ಕನೆಯ ಗೇರಿನಲ್ಲಿ ಹಾಯಾಗಿ ಸಾಗುತ್ತದೆ. ಹೊಸದರ ಆರನೆಯ ಗೇರಿಗೆ ಅಲ್ಲಿ ಹೆಚ್ಚು ಕೆಲಸ ಬೀಳುವುದಿಲ್ಲ.